ಇಲ್ಲದ ಹುದ್ದೆಗೆ ಒಂದು ರಾಜೀನಾಮೆ

ಹೋದ ಮಂಗಳವಾರ ಸಂಜೆ ಕೆಲಸ ಮುಗಿಸಿ ಬಂದು ಬೀಗ ತೆಗೆಯುತ್ತಿದ್ದಾಗ ಪಕ್ಕದ ಮನೆಯಿಂದ ಒಣದ್ರಾಕ್ಷಿ ಕುದಿಯುವ ವಾಸನೆ ಬಂತು. ಅವರ ಮನೆಯಲ್ಲಿ ಬಾಣಂತಿ ಇದ್ದಾಳೆ. ಕೂಸಿಗೆ ಹೊಟ್ಟೆ ಕಟ್ಟಿದೆಯೆಂದು ಅಜ್ಜಿ ದ್ರಾಕ್ಷಿ ನೀರು ಕಾಯಿಸುತ್ತಿದ್ದರು. ಅದು ಗೊತ್ತಿದ್ದರೂ ನಾನು ಕೀಲಿಕೈಯನ್ನು ಬೀಗದಲ್ಲೇ ಬಿಟ್ಟು ಸ್ವಲ್ಪ ಹೊತ್ತು ನಿಂತುಬಿಟ್ಟೆ. ನನ್ನ ಮಟ್ಟಿಗೆ ಆ ವಾಸನೆ ಟಿ. ನರಸೀಪುರದ ಈ ಬಾಡಿಗೆ ಮನೆಗೆ ಸೇರಿದ್ದಲ್ಲ. ಅದು ನಂಜನಗೂಡಿನದು, ನಮ್ಮ ಚರ್ಚಿನ ಹಿಂದಿದ್ದ ಪಾಸ್ಟರ್ ಮನೆಯ ಅಡಿಗೆಕೋಣೆಯದು... ತಿಂಗಳಿಗೊಂದು ಶನಿವಾರ ಪಾಸ್ಟರ್ ಹೆಂಡತಿ, ನಾವೆಲ್ಲ ಪಾಸ್ಟ್ರಮ್ಮ ಅನ್ನುತ್ತಿದ್ದವರು, ಅಲ್ಲಿ ಒಣದ್ರಾಕ್ಷಿಗೆ ಲವಂಗ ಹಾಕಿ ಕುದಿಸಿ, ಹಿಂಡಿ, ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಮರುದಿನ ಕರ್ತನ ಭೋಜನದಲ್ಲಿ ನಾವೆಲ್ಲ ಮೊಣಕಾಲೂರಿ ಕುಡಿಯುತ್ತಿದ್ದ ದ್ರಾಕ್ಷಾರಸ ಅದೇ.

ನಾನು ಏಳನೇ ತರಗತಿಯಿಂದ ತಪ್ಪದೆ ಡೈರಿ ಬರೆಯುತ್ತೇನೆ. ವಾರ, ತಾರೀಖು, ಯಾರು ಬಂದರು, ಯಾರು ಏನು ಅಂದರು, ತಿಂಗಳ ಕೊನೆಗೆ ಒಂದು ಒಟ್ಟು ಲೆಕ್ಕ. ಇದನ್ನು ಕಂಡು ಮೊದಲು ನಕ್ಕವರು ಪಾಸ್ಟ್ರಮ್ಮ. “ಚಿತ್ರಗುಪ್ತನ ಮೊಮ್ಮಗಳು ನಮ್ಮ ಸಭೆಗೆ ಹೆಂಗೆ ಬಂದು ಸೇರಿದ್ಲೋ” ಅನ್ನುತ್ತಿದ್ದರು. ಅವರ ಬಗ್ಗೆ ಬರೆಯಲು ನನಗೆ ಡೈರಿ ಬೇಕಿಲ್ಲ. ಆದರೂ ಸಿಟ್ಟಿನಲ್ಲಿ ಒಂದು ಮಾತು ಹೆಚ್ಚು ಬರೆದುಬಿಟ್ಟರೆ ಎಂದು ಹೆದರಿ ಅವರು ರಾಜೀನಾಮೆ ಕೊಟ್ಟ ವರ್ಷದ್ದನ್ನು ತೆಗೆದು ಇನ್ನೊಮ್ಮೆ ಓದಿದೆ. ಸಿಟ್ಟು ಹೆಚ್ಚಿತು.

ಆಗ ನಾನು ಮೊದಲ ಪಿಯುಸಿ. ಗಣಿತದಲ್ಲಿ ಹಿಂದೆ ಬಿದ್ದಿದ್ದೆ. ಪಾಸ್ಟ್ರಮ್ಮ ಗಣಿತದಲ್ಲಿ ಪದವಿ ಮಾಡಿ, ಬಿ.ಎಡ್. ಮುಗಿಸಿದವರು ಎಂಬುದು ನಮ್ಮ ಚರ್ಚಿನ ಸಭೆಯಲ್ಲಿ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಅವರು ನನಗೆ ಅಡಿಗೆಕೋಣೆಯ ನೆಲದ ಮೇಲೆ ಪಾಠ ಹೇಳುತ್ತಿದ್ದರು. ಒಲೆಯ ಮೇಲೆ ಮುದ್ದೆ, ಕೆಳಗೆ ಬೀಜಗಣಿತ. ಹಿಟ್ಟು ಹಾಕುವಾಗ ಅನುಪಾತ ಕೇಳುತ್ತಿದ್ದರು. ನಾನು ತಪ್ಪು ಹೇಳಿದರೆ ನಾನು ಹೇಳಿದಷ್ಟೇ ಹಿಟ್ಟು ಹಾಕಿ, ಗಂಟುಗಂಟಾದ ಆ ಮುದ್ದೆಯನ್ನು ನನಗೇ ಬಡಿಸುತ್ತಿದ್ದರು. “ಉತ್ತರ ತಿನ್ನಮ್ಮ” ಅನ್ನುತ್ತಿದ್ದರು.

ಪಾಠ ನೆಟ್ಟಗೆ ನಡೆದ ದಿನಗಳು ಕಡಿಮೆ. ಪಾಸ್ಟರ್ ಮನೆ ಎಂದರೆ ಎಲ್ಲರ ಮನೆ ಎಂಬುದು ನಮ್ಮಲ್ಲಿ ಪದ್ಧತಿ. ಬಾಗಿಲು ತಟ್ಟುವ ರೂಢಿ ಯಾರಿಗೂ ಇರಲಿಲ್ಲ. ಗಂಡನ ಜತೆ ಜಗಳವಾಡಿದವರು ಬರುತ್ತಿದ್ದರು, ಆಸ್ಪತ್ರೆಗೆ ಜತೆಗೆ ಯಾರೂ ಇಲ್ಲದವರು ಬರುತ್ತಿದ್ದರು, ಸುಮ್ಮನೆ ಹೊತ್ತು ಹೋಗದವರೂ ಬರುತ್ತಿದ್ದರು. ಬಂದವರು ನೇರ ಒಳಗೆ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ಒಮ್ಮೆ ಸಭೆಯ ಹೆಂಗಸೊಬ್ಬಳು ಹಾಗೆ ತೆಗೆದು, “ಇವತ್ತೂ ಮೀನಾ ಅಮ್ಮಾ? ಪಾಸ್ಟ್ರ ಸಂಬ್ಳ ಜಾಸ್ತಿ ಆಗದೆ ಅನ್ನಿ” ಅಂದಳು. ಪಾಸ್ಟ್ರಮ್ಮ ಸೌಟು ತಿರುವುತ್ತಲೇ, “ಇಲ್ಲ ಕಣಕ್ಕ, ಹೊಳೇಲಿ ಹೋಗ್ತಿದ್ದ ಮೀನಿಗೇ ಮಾನಸಾಂತರ ಆಗಿ ಬಂದುಬಿಡ್ತು. ಒಂದು ತುಂಡು ತಿಂದು ಹೋಗು” ಅಂದರು. ಅವಳು ತಿಂದೇ ಹೋದಳು.

ಅವರ ಭಕ್ತಿಯೂ ಹಾಗೇ ಇತ್ತು, ಸದ್ದಿಲ್ಲದ್ದು. ಉದ್ದದ ಪ್ರಾರ್ಥನೆ ಅವರಿಗೆ ಆಗುತ್ತಿರಲಿಲ್ಲ. ಅಕ್ಕಿ ಆರಿಸುವಾಗ ತುಟಿಗಳು ಅಲುಗುತ್ತಿದ್ದವು... ಕೇಳಿದರೆ, “ಸಿಕ್ಕಿದ ಒಂದೊಂದು ಕಲ್ಲಿಗೂ ಒಬ್ಬೊಬ್ಬರ ಹೆಸರು ಹೇಳಿ ಕೇಳ್ಕೋತೀನಿ. ಸಭೆ ಸೆಕ್ರೆಟರಿಯವರ ಹೆಸರು ದೊಡ್ಡ ಕಲ್ಲಿಗೆ” ಅಂದಿದ್ದರು.

ಆ ಬೇಸಿಗೆಯಲ್ಲಿ ಹುಲ್ಲಹಳ್ಳಿಯ ಒಂದು ಶಾಲೆಯಿಂದ ಅವರನ್ನು ಕರೆದರು. ಗಣಿತಕ್ಕೆ ಟೀಚರ್ ಬೇಕಿತ್ತು. ಅವರು ಹೋಗಿ ಒಂದು ಪಾಠ ಮಾಡಿ ತೋರಿಸಿ ಬಂದಿದ್ದರು. ಜೂನ್‌ನಿಂದ ಬನ್ನಿ ಎಂದಿದ್ದರು. ಆ ಸಂಜೆ ಅವರ ಮುಖ ನೋಡಿದವಳು ನಾನೊಬ್ಬಳೇ. ಹರೆಯದ ಹುಡುಗಿಯ ಮುಖದ ಹಾಗಿತ್ತು. “ಹದಿನಾಲ್ಕು ವರ್ಷ ಆಗಿತ್ತು ಕಣೇ ಬೋರ್ಡ್ ಮುಟ್ಟಿ. ಸೀಮೆಸುಣ್ಣ ಹಿಡಿದ ತಕ್ಷಣ ಕೈಗೆ ಎಲ್ಲ ನೆನಪಾಯ್ತು” ಅಂದರು.

ಆದರೆ ಕೆಲಸಕ್ಕೆ ಹೋಗಲು ಸಭೆಯ ಕಮಿಟಿ ಒಪ್ಪಬೇಕಿತ್ತು. ಏಕೆ ಒಪ್ಪಬೇಕು ಎಂದು ಇವತ್ತಿಗೂ ನನಗೆ ಯಾರೂ ಹೇಳಿಲ್ಲ. ಗುರುವಾರ ಸಂಜೆ ಪಾಸ್ಟರ್ ಮನೆಯ ಜಗುಲಿಯಲ್ಲೇ ಕಮಿಟಿ ಕೂತಿತು. ಸೆಕ್ರೆಟರಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ನಮ್ಮಪ್ಪನೂ ಕಮಿಟಿಯಲ್ಲಿದ್ದ. ಪಾಸ್ಟ್ರಮ್ಮನ ಕೆಲಸದ ಬಗ್ಗೆ ಅವರ ಮನೆಯಲ್ಲೇ ಕೂತು ಗಂಡಸರು ತೀರ್ಮಾನ ಮಾಡುತ್ತಿದ್ದರೆ, ಅವರು ಒಳಗೆ ಆ ಗಂಡಸರಿಗೆ ಕಾಫಿ ಸೋಸುತ್ತಿದ್ದರು. ನಾನು ಅಡಿಗೆಕೋಣೆಯಲ್ಲಿ ಲೆಕ್ಕ ಮಾಡುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಅವರು ಕಾಫಿ ತಂದಾಗ ಸೆಕ್ರೆಟರಿ ಹೇಳಿದರು: “ತಪ್ಪು ತಿಳ್ಕಬ್ಯಾಡಿ ಅಮ್ಮಾವ್ರೇ. ಪಾಸ್ಟ್ರಮ್ಮ ಅಂದ್ರೆ ಸಭೆ ಆಸ್ತಿ ಇದ್ದಂಗೆ. ನೀವು ಬೆಳಿಗ್ಗೆನೇ ಉಲ್ಲಳ್ಳಿ ಬಸ್ ಅತ್ಕಂಡು ಓದ್ರೆ ಇಲ್ಲಿಗೆ ಬಂದೋರಿಗೆ ಯಾರು ಗತಿ?”

“ಆಸ್ತಿ ಅಂದ್ರಾ? ಖಾತೆ ಯಾರ ಹೆಸರಲ್ಲಿದೆ ಸ್ವಾಮಿ?”

ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. ಪಾಸ್ಟ್ರಮ್ಮ ಕೊನೆಯ ಲೋಟವನ್ನು ಪಾಸ್ಟರ್ ಕೈಗೆ ಕೊಟ್ಟು ಅವರನ್ನೇ ನೋಡುತ್ತ ನಿಂತರು. ಪಾಸ್ಟರ್ ಒಳ್ಳೆಯವರು. ಆ ಒಳ್ಳೆಯತನದಲ್ಲೇ ಲೋಟದೊಳಗೆ ಇಣುಕಿ, “ಸಭೆಯವರು ಹೆಂಗೆ ಹೇಳ್ತೀರೋ ಹಂಗೆ” ಅಂದರು. ಕಮಿಟಿ ಬೇಡ ಅಂದಿತು.

ಒಬ್ಬರಿಗೆ ಸಂಬಳ, ಇಬ್ಬರ ದುಡಿಮೆ. ಇಷ್ಟು ಸಣ್ಣ ಲೆಕ್ಕ ಜಗುಲಿಯಲ್ಲಿದ್ದ ಯಾರಿಗೂ ಬರಲಿಲ್ಲ. ಹಾರ್ಮೋನಿಯಂ ನುಡಿಸುವುದು, ಸಂಡೇ ಸ್ಕೂಲು, ಸ್ತ್ರೀಯರ ಕೂಟ, ಗಂಟೆ ಹೊಡೆಯುವುದು, ಸತ್ತ ಹೆಂಗಸರಿಗೆ ಸ್ನಾನ ಮಾಡಿಸಿ ಸೀರೆ ಉಡಿಸುವುದು... ಇದೆಲ್ಲ ಅವರು ಪಾಸ್ಟರನ್ನು ಮದುವೆಯಾದ ಕಾರಣಕ್ಕೆ ತಾನಾಗಿ ನಡೆಯುತ್ತದೆ ಎಂದು ಎಲ್ಲರೂ ತಿಳಿದಿದ್ದರು.

ಆ ಭಾನುವಾರ ಆರಾಧನೆಯ ಕೊನೆಗೆ ಪ್ರಕಟಣೆಗಳ ಹೊತ್ತು ಬಂತು. ಸ್ತ್ರೀಯರ ಕೂಟದ ಪ್ರಕಟಣೆ ಎಂದಿನಂತೆ ಪಾಸ್ಟ್ರಮ್ಮನದು. ಅವರು ಎದ್ದು ನಿಂತು, ಬುಧವಾರದ ಕೂಟ ಯಾರ ಮನೆಯಲ್ಲಿ ಎಂದು ಹೇಳಿ, ಅದೇ ದನಿಯಲ್ಲಿ, “ಇನ್ನೊಂದು ಪ್ರಕಟಣೆ. ಇವತ್ತಿನಿಂದ ನಾನು ಪಾಸ್ಟ್ರಮ್ಮನ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೀನಿ. ಪಾಸ್ಟರ್ ಹೆಂಡತಿಯಾಗಿ ಮುಂದುವರಿಯುತ್ತೀನಿ, ಅದರಲ್ಲಿ ಯಾರಿಗೂ ಸಂಶಯ ಬೇಡ” ಅಂದು ಕೂತರು.

ಚರ್ಚಿನ ಹೊರಗೆ ಸೆಕ್ರೆಟರಿ ಅವರನ್ನು ಅಡ್ಡಗಟ್ಟಿದರು. ಅವರಿಗೆ ಸಿಟ್ಟಿಗಿಂತ ಗಾಬರಿ ಹೆಚ್ಚಾಗಿತ್ತು. “ಅಂಗೊಂದು ಉದ್ದೆನೇ ಇಲ್ವಲ್ಲಮ್ಮಾ. ಇಲ್ದಿರೋ ಉದ್ದೆಗೆ ರಾಜೀನಾಮೆ ಎಂಗೆ ತಗಳದು?”

“ಹುದ್ದೆ ಇಲ್ಲ ಅಂದ್ಮೇಲೆ ಬೇರೆ ಕೆಲಸಕ್ಕೆ ಹೋಗಬೇಡ ಅನ್ನೋಕೆ ನೀವ್ಯಾರು ಸ್ವಾಮಿ?”

ಸೆಕ್ರೆಟರಿ ಪಾಸ್ಟರನ್ನು ಹುಡುಕಿಕೊಂಡು ಒಳಗೆ ಹೋದರು.

ಮುಂದಿನ ಭಾನುವಾರ ತಿಂಗಳ ಮೊದಲನೆಯದು, ಕರ್ತನ ಭೋಜನದ ದಿನ. ಗಂಟೆ ಹೊಡೆಯಲಿಲ್ಲ. ಪಾಸ್ಟ್ರಮ್ಮ ಒಂದು ಹಸಿರು ಸೀರೆ ಉಟ್ಟು ಬಂದು, ಎಲ್ಲ ಹೆಂಗಸರಂತೆ ನಡುವಿನ ಬೆಂಚಿನಲ್ಲಿ ನನ್ನ ಪಕ್ಕ ಕೂತರು. ಹಾರ್ಮೋನಿಯಂ ಇಲ್ಲದೆ ಕೀರ್ತನೆ ಮೂರು ಶ್ರುತಿಯಲ್ಲಿ ನಡೆಯಿತು. ಅಷ್ಟರಲ್ಲಿ ಸೆಕ್ರೆಟರಿ ಮುಂದಿನ ಮೇಜಿನ ಬಿಳಿ ಬಟ್ಟೆ ಎತ್ತಿ ನೋಡಿದರು. ತಟ್ಟೆ ಖಾಲಿ, ಬಟ್ಟಲು ಖಾಲಿ. ರೊಟ್ಟಿಯೂ ದ್ರಾಕ್ಷಾರಸವೂ ಎಲ್ಲಿಂದ ಬರುತ್ತವೆ ಎಂದು ಅಷ್ಟು ವರ್ಷಗಳಲ್ಲಿ ಕಮಿಟಿಯ ಒಬ್ಬರೂ ಕೇಳಿರಲಿಲ್ಲ. ಪಾಸ್ಟರ್ ಕೂಡ ಕೇಳಿರಲಿಲ್ಲ.

ನಮ್ಮಪ್ಪನನ್ನು ಸ್ಕೂಟರಿನಲ್ಲಿ ಓಡಿಸಿದರು. ಪಾಸ್ಟರ್ ತಮ್ಮ ಪ್ರಸಂಗ ಮುಗಿಸುವ ಹೊತ್ತಿಗೆ ಅಪ್ಪ ಬೆವರುತ್ತ ಬಂದು ಸೆಕ್ರೆಟರಿಯ ಕೈಗೆ ಒಂದು ಪೊಟ್ಟಣ, ಒಂದು ಬಾಟಲಿ ಕೊಟ್ಟ. ಬೇಕರಿಯಲ್ಲಿ ಬ್ರೆಡ್ ಇನ್ನೂ ಬಂದಿರಲಿಲ್ಲವಂತೆ. ಆಗತಾನೆ ಒಲೆಯಿಂದ ಇಳಿದಿದ್ದದ್ದು ಖಾರಾ ಬನ್ನು. ಬಾಟಲಿಯಲ್ಲಿದ್ದದ್ದು ದ್ರಾಕ್ಷಿ ಬಣ್ಣದ ಸೋಡಾ. ಪಾಸ್ಟರ್ ಮುಚ್ಚಳ ತಿರುಗಿಸಿದಾಗ ಅದು ಬುಸ್ ಎಂದಿದ್ದು ಹಿಂದಿನ ಬೆಂಚಿನವರೆಗೂ ಕೇಳಿಸಿತು. ಅವರು ಬನ್ನು ಎತ್ತಿ ಆಶೀರ್ವದಿಸಿ ಮುರಿದರು. ಚರ್ಚಿನ ತುಂಬ ಈರುಳ್ಳಿ, ಕೊತ್ತಂಬರಿಯ ಘಮ. ಅಪ್ಪ ದಾರಿಯಲ್ಲೇ ಮೆಣಸಿನಕಾಯಿ ಆರಿಸಿದ್ದನಂತೆ, ಪೂರಾ ಆರಿಸಿರಲಿಲ್ಲ. ನಮ್ಮ ಬೀದಿಯ ಒಬ್ಬ ಅಜ್ಜಿಗೆ ಸಿಕ್ಕ ಚೂರಿನಲ್ಲಿ ಒಂದು ಇಡೀ ತುಂಡು ಇತ್ತು. ಮೊಣಕಾಲೂರಿದಲ್ಲೇ ಆಕೆಯ ಕಣ್ಣಿನಿಂದ ಧಾರೆಯಾಗಿ ನೀರು ಸುರಿಯಿತು. ಪಕ್ಕದವರು ಪಶ್ಚಾತ್ತಾಪವೆಂದು ತಿಳಿದು ಬೆನ್ನು ಸವರಿದರು.

ನಾನು ನಗು ತಡೆಯಲಾರದೆ ತಲೆ ತಗ್ಗಿಸಿದ್ದೆ. ಪಾಸ್ಟ್ರಮ್ಮ ನಗಲಿಲ್ಲ. ಎದ್ದು ಹೋಗಿ ಮೊಣಕಾಲೂರಿ, ಎರಡೂ ಕೈ ಒಡ್ಡಿ ತೆಗೆದುಕೊಂಡು, ಕಣ್ಣು ಮುಚ್ಚಿ ತಿಂದರು. ಆಮೇಲೆ ನಾನು ಕೇಳಿದೆ, ಅದು ಲೆಕ್ಕಕ್ಕೆ ಬರುತ್ತದಾ ಎಂದು. “ಬನ್ನಾದರೇನೇ, ಮುರಿದು ಕೊಟ್ಟರಲ್ಲ, ಅದು ರೊಟ್ಟಿನೇ” ಅಂದರು. ಬಾಯೊರೆಸಿಕೊಂಡು, “ಆದ್ರೆ ಆ ಸೋಡಾ ವಿಷಯದಲ್ಲಿ ಮಾತ್ರ ದೇವರು ನಮ್ಮನ್ನ ಸಹಿಸಿಕೊಂಡಿದ್ದು” ಅಂದರು. ಆಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ಸಂಜೆಯೇ ಸೆಕ್ರೆಟರಿ ಬಂದು, ಶಾಲೆಗೆ ಹೋಗಿ, ಆದರೆ ಸಭೆಯ ಕೆಲಸ ಯಾವುದೂ ನಿಲ್ಲಬಾರದು ಎಂದರು. ಪಾಸ್ಟ್ರಮ್ಮ ಒಪ್ಪಿಕೊಂಡರು. ನಾನಾಗಿದ್ದರೆ ಒಪ್ಪುತ್ತಿರಲಿಲ್ಲ. ಎರಡೂ ಕೆಲಸ ಹೊತ್ತು ಜೂನ್‌ನಿಂದ ಹುಲ್ಲಹಳ್ಳಿ ಬಸ್ ಹತ್ತಿದರು. ಸೀಟು ಸಿಕ್ಕಿದ ದಿನ ಬಸ್ಸಿನಲ್ಲೇ ಮಕ್ಕಳ ಪುಸ್ತಕ ತಿದ್ದುತ್ತಿದ್ದರು. ಒಮ್ಮೆ ಶಾಲೆಯ ಹುಡುಗನೊಬ್ಬ ಕಬ್ಬಿನ ಜಲ್ಲೆ ಹಿಡಿದು ಮನೆತನಕ ಬಂದಿದ್ದ. “ಮಿಸ್ಸು, ಭಿನ್ನರಾಶಿ ಅರ್ಥ ಆಯ್ತು, ಅದಕ್ಕೆ” ಅಂದನಂತೆ. ಅವರು ಆ ಜಲ್ಲೆಯನ್ನು ಒಂದು ವಾರ ಕತ್ತರಿಸಲೇ ಇಲ್ಲ.

ಕ್ರಿಸ್ಮಸ್ಸಿನ ಮುಂಚೆಯೇ ಪಾಸ್ಟರಿಗೆ ವರ್ಗವಾಯಿತು. ಕೊಳ್ಳೇಗಾಲದಾಚೆ, ಬೆಟ್ಟದಂಚಿನ ಒಂದು ಹಳ್ಳಿಗೆ. ಅವರ ಅವಧಿ ಇನ್ನೂ ಮುಗಿದಿರಲಿಲ್ಲ. ಪಾಸ್ಟರ್ ಕುಟುಂಬದಿಂದ ಸಭೆಗೆ ಸಾಕಷ್ಟು ಸಹಕಾರ ಸಿಗುತ್ತಿಲ್ಲ ಎಂದು ಕಮಿಟಿ ಮೇಲಿನವರಿಗೆ ಬರೆದಿತ್ತು. ಊಟಕ್ಕೆ ಕೂತಾಗ ಅಪ್ಪನನ್ನು ನೇರವಾಗಿ ಕೇಳಿದೆ, ನೀನೂ ಸಹಿ ಹಾಕಿದೆಯಾ ಎಂದು.

“ಎಲ್ರೂ ಆಕುದ್ರು, ನಾನೂ ಆಕ್ದೆ. ಸಾರು ಬಿಡು” ಅಂದ.

ನಾನು ಸಾರು ಬಿಡಲಿಲ್ಲ.

ಬೀಳ್ಕೊಡುಗೆಯಲ್ಲಿ ಪಾಸ್ಟರಿಗೆ ಶಾಲು, ಹಾರ. ಭಾಷಣ ಮಾಡಿದವರು ಏಳು ಜನ. ಪಾಸ್ಟ್ರಮ್ಮನ ಬಗ್ಗೆ ಒಬ್ಬರು ಮಾತ್ರ ಅರ್ಧ ವಾಕ್ಯ ಹೇಳಿದರು. ಸಾಮಾನಿನ ಲಾರಿ ಹತ್ತುವ ಮುಂಚೆ ಅವರು ನನ್ನ ಗಲ್ಲ ಹಿಡಿದು, “ಕ್ಯಾಲ್ಕುಲಸ್ ಬಿಡಬೇಡ” ಅಂದರು. ಹೊಸ ಊರಿನ ಹತ್ತಿರ ಅವರಿಗೆ ಯಾವ ಶಾಲೆಯೂ ಸಿಗಲಿಲ್ಲ. ಫೋನಿನಲ್ಲಿ ಕೇಳಿದರೆ, “ಇಲ್ಲಿ ಆಡುಗಳಿಗೆ ಪಾಠ ಹೇಳ್ತಿದ್ದೀನಿ. ಶಿಸ್ತು ನಿಮ್ಮ ಕಮಿಟಿಗಿಂತ ಮೇಲು” ಅನ್ನುತ್ತಿದ್ದರು.

ಮೂರು ವಾರದ ಹಿಂದೆ ಅವರು ಅಲ್ಲೇ ತೀರಿಕೊಂಡರು. ಜ್ವರವೆಂದು ಮಲಗಿದವರು ಏಳಲಿಲ್ಲ. ಐವತ್ತು ತುಂಬಿರಲಿಲ್ಲ. ಮಣ್ಣು ಮಾಡಿದ್ದೂ ಅಲ್ಲೇ. ಸುದ್ದಿ ನನಗೆ ತಡವಾಗಿ ತಿಳಿಯಿತು. ಮೊನ್ನೆ ಭಾನುವಾರ ನಂಜನಗೂಡಿನ ಚರ್ಚಿನಲ್ಲಿ ಸಂತಾಪ ಕೂಟವಿತ್ತು. ನಾನು ಇಲ್ಲಿಂದ ಮೊದಲ ಬಸ್ಸಿಗೆ ಹೋದೆ. ಪಾಸ್ಟರ್ ಮುಂದಿನ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಸೆಕ್ರೆಟರಿ ಈಗ ಕೋಲು ಹಿಡಿದಿದ್ದಾರೆ, ದನಿ ಮಾತ್ರ ಹಾಗೇ ಇದೆ. ಅವರು ಮೈಕಿನ ಮುಂದೆ ನಿಂತು ಕಣ್ಣೊರೆಸಿಕೊಂಡು, “ಆ ತಾಯಿ ನಮ್ಮನ್ನ ಯಾವತ್ತೂ ಏನೂ ಕೇಳ್ದೋರಲ್ಲ” ಅಂದರು. ತಲೆಗಳು ಅಲ್ಲಾಡಿದವು. ನಮ್ಮಪ್ಪನದೂ.

ನಾನು ಎದ್ದು ನಿಂತೆ. “ಕೇಳಿದ್ರು” ಅಂದೆ.

“ಏನವ್ವಾ?” ಅಂದರು ಸೆಕ್ರೆಟರಿ, ಕಿವಿಗೆ ಕೈ ಇಟ್ಟು.

“ಶಾಲೆಗೆ ಹೋಗ್ತೀನಿ ಅಂತ ಕೇಳಿದ್ರು. ಒಂದೇ ಸಲ, ಒಂದೇ ವಿಷಯ. ಈ ಚರ್ಚಿನ ಹಿಂದಿನ ಜಗುಲಿಯಲ್ಲೇ. ನೀವು ಬೇಡ ಅಂದ್ರಿ.”

ಅಪ್ಪ ನೆಲ ನೋಡತೊಡಗಿದ. ಕೂತ್ಕೊಳಮ್ಮಾ ಎಂದು ಹಿಂದಿನಿಂದ ಯಾರೋ ನನ್ನ ದುಪಟ್ಟಾ ಎಳೆದರು. ಆಗ ಪಾಸ್ಟರ್ ನಿಧಾನವಾಗಿ ಹಿಂದಕ್ಕೆ ತಿರುಗಿದರು. ನನ್ನನ್ನು ಗದರುತ್ತಾರೆ ಎಂದುಕೊಂಡೆ.

“ಹೌದು, ಕೇಳಿದ್ಲು” ಅಂದರು. “ಮೊದ್ಲು ನನ್ನನ್ನೇ ಕೇಳಿದ್ಲು.”

ಸೆಕ್ರೆಟರಿ ಕೀರ್ತನೆಯ ನಂಬರ್ ಹೇಳಿ ಕೂತರು. ಎಲ್ಲರೂ ಎದ್ದು ಹಾಡಿದರು. ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತನ್ನೇ ಮತ್ತೆ ಮತ್ತೆ ಯೋಚಿಸಿದೆ. ಪಾಸ್ಟರ್ ಮೇಲೆ ಮರುಕ ಬರುತ್ತದೆಯೋ ಎಂದು ಕಾದೆ... ಬರಲಿಲ್ಲ. ಅಷ್ಟು ಜನರ ಮುಂದೆ ಹೇಳಿದ ಆ ಒಂದು ಮಾತನ್ನು ಅವರು ಜಗುಲಿಯಲ್ಲಿ, ಕಾಫಿ ಲೋಟದಿಂದ ತಲೆ ಎತ್ತಿ ಹೇಳಬಹುದಿತ್ತು. ಆಗ ಅದನ್ನು ಕೇಳಿಸಿಕೊಳ್ಳಲು ಪಾಸ್ಟ್ರಮ್ಮ ಅಲ್ಲೇ, ಎದುರಿಗೇ ನಿಂತಿದ್ದರು.