ಶುಕ್ರವಾರದ ಇಪ್ಪತ್ತು ಡಾಲರ್

ಜಯನಗರದ ಒಂದು ಕಲ್ಯಾಣ ಮಂಟಪದ ಮೇಲಂತಸ್ತಿನಲ್ಲಿ ಆಗಾಗ ಹಳೆಯ ನಾಣ್ಯಗಳ ಹರಾಜು ನಡೆಯುತ್ತದೆ. ಕೆಳಗೆ ಯಾರದೋ ಮನೆಯ ನಾಮಕರಣದ ಊಟ, ಮೇಲೆ ನಮ್ಮ ಹರಾಜು. ನಾನು ಹೊಸದಾಗಿ ಅಲ್ಲಿಗೆ ಹೋದಾಗ ಬಾಗಿಲಲ್ಲಿದ್ದವರು, "ಊಟ ಕೆಳಗೆ ಮೇಡಂ" ಅಂದರು. ಊಟಕ್ಕಲ್ಲ, ಹರಾಜಿಗೆ ಬಂದಿದ್ದು ಎಂದರೆ, "ಸಾರ್ ಬರ್ತಾ ಇದಾರಾ?" ಎಂದು ನನ್ನ ಬೆನ್ನ ಹಿಂದೆ ನೋಡಿದರು. ಸಾರ್ ಹೊರಗೆ ಸ್ಕೂಟರಿನ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ, ಅವರಿಗೆ ನಾಲ್ಕಾಣೆಗೂ ಎಂಟಾಣೆಗೂ ವ್ಯತ್ಯಾಸ ಗೊತ್ತಿಲ್ಲ, ಕೊಳ್ಳುವವಳು ನಾನು ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅರವತ್ತು ದಾಟಿದ ಮೇಲೂ ಅದು ಅಲ್ಲಿಂದ ಇಳಿದಿಲ್ಲ. ಈಗ ಹೋದರೆ ಮುಂದಿನ ಸಾಲಿನಲ್ಲೇ ಕುರ್ಚಿ ಕೊಡುತ್ತಾರೆ.

ಮೈಸೂರಿನ ಹಣ, ವರಹದಂಥ ಹಳೆಯ ನಾಣ್ಯ ಕೂಡಿಸುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಹುಚ್ಚು ಅಮೆರಿಕದ ಹಳೆಯ ಚಿನ್ನದ ನಾಣ್ಯಗಳದು. ಇದು ಹಿಡಿದದ್ದು ಬ್ಯಾಂಕಿನಲ್ಲಿ ಚಿನ್ನದ ಸಾಲದ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ. ಒಬ್ಬರು ಅಡವಿಡಲು ತಂದ ಬಳೆಗಳ ನಡುವೆ ಒಂದು ದೊಡ್ಡ ನಾಣ್ಯವಿತ್ತು. ಒಂದು ಮಗ್ಗುಲಲ್ಲಿ ಕೂದಲು ಹಾರಿಸಿಕೊಂಡು, ಕೈಯಲ್ಲಿ ಪಂಜು ಎತ್ತಿ ಹಿಡಿದು ನಡೆದು ಬರುವ ಹೆಂಗಸು, ಅವಳ ಹಿಂದೆ ಸೂರ್ಯನ ಕಿರಣಗಳು. ಇನ್ನೊಂದು ಮಗ್ಗುಲಲ್ಲಿ ಸೂರ್ಯನ ಮೇಲೆ ಹಾರುವ ಹದ್ದು. ಇಪ್ಪತ್ತು ಡಾಲರಿನ ನಾಣ್ಯ. ನಮ್ಮ ಚಿನ್ನ ಪರೀಕ್ಷಿಸುವವರು ಅದನ್ನೂ ಬಳೆಗಳ ಜೊತೆ ತಕ್ಕಡಿಗೆ ಹಾಕಿ ತೂಕ ಬರೆದುಕೊಂಡರು. ನಾನು ಮಾತ್ರ ಅದನ್ನು ಪೊಟ್ಟಣಕ್ಕೆ ಹಾಕಿ ಅರಗು ಒತ್ತುವವರೆಗೂ ಕಣ್ಣು ತೆಗೆಯಲಿಲ್ಲ. ಕೆಲವು ತಿಂಗಳ ನಂತರ ಪಾರ್ಟಿ ಬಂದು ಸಾಲ ತೀರಿಸಿ ಬಿಡಿಸಿಕೊಂಡು ಹೋದರು. ಅವರ ವಸ್ತು ಅವರು ಒಯ್ದರೆ ನನಗೇಕೆ ಹೊಟ್ಟೆ ಉರಿಯಬೇಕು? ಉರಿಯಿತು.

ಆಮೇಲೆ ಪುಸ್ತಕ ತರಿಸಿಕೊಂಡು ಓದಿದೆ, ಭೂತಗನ್ನಡಿ ಕೊಂಡೆ, ಹರಾಜಿಗೆ ಮುಂಚೆ ನಾಣ್ಯ ತೋರಿಸುವ ದಿನಗಳಲ್ಲಿ ಗಂಟೆಗಟ್ಟಲೆ ಕೂತು ಕಲಿತೆ. ಇಂಥ ನಾಣ್ಯಕ್ಕೆ ಬೆಲೆ ಬರುವುದು ಚಿನ್ನದ ತೂಕದಿಂದಷ್ಟೇ ಅಲ್ಲ, ಅದರ ಮೈಯಿಂದ. ಟಂಕಸಾಲೆಯಿಂದ ಹೊರಬಿದ್ದ ಮೇಲೆ ಯಾರೂ ಉಜ್ಜದ, ತೊಳೆಯದ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದರೆ ಅದರ ಮೇಲೆ ಬೆಳಕು ಚಕ್ರದ ಹಾಗೆ ಸುತ್ತುತ್ತದೆ. ಒಮ್ಮೆ ಉಜ್ಜಿದರೆ ಆ ಬೆಳಕು ಹೋಯಿತು, ಮತ್ತೆ ಬರುವುದಿಲ್ಲ. ಹಾಗಾಗಿ ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಮುಖ ಮುಟ್ಟಬಾರದು. ಹರಾಜಿನಲ್ಲಿ ಯಾರಾದರೂ ಹೆಬ್ಬೆರಳಿಟ್ಟರೆ, "ಸಾರ್, ಅದು ಕೋಡುಬಳೆ ಅಲ್ಲ" ಎಂದು ನಾನು ಗದರಿಸಿದ್ದುಂಟು.

ನನ್ನ ಪಿಂಚಣಿಗೆ ಎಟುಕಿದ್ದು ಚಿಕ್ಕ ನಾಣ್ಯಗಳು. ಅಂಗಿಯ ಗುಂಡಿಯಷ್ಟಿದ್ದ ಒಂದು ಡಾಲರಿನವು, ಚಿತ್ರವನ್ನು ಉಬ್ಬಿಸದೆ ಒಳಕ್ಕೆ ಕೊರೆದ ಹಾಗಿದ್ದ ಎರಡೂವರೆ ಡಾಲರಿನವು. ಇಪ್ಪತ್ತರದು ಹರಾಜಿಗೆ ಬಂದಾಗಲೆಲ್ಲ ನಾನು ಕೈ ಎತ್ತುತ್ತಿದ್ದೆ, ಇನ್ಯಾರೋ ಇನ್ನೂ ಮೇಲಕ್ಕೆ ಕೂಗುತ್ತಿದ್ದರು, ನಾನು ಕೈ ಇಳಿಸುತ್ತಿದ್ದೆ. ಕೆಳಗಿಳಿದು ಬಂದು ದರ್ಶಿನಿಯಲ್ಲಿ ಮಸಾಲೆ ದೋಸೆ ತಿಂದು, ನಮ್ಮವರ ಜೊತೆ ಬೈಟು ಕಾಫಿ ಕುಡಿಯುತ್ತಿದ್ದೆ. "ಸಿಕ್ಲಿಲ್ವಾ? ಒಳ್ಳೇದಾಯ್ತು, ಬೀರುವಿನಲ್ಲಿ ಜಾಗ ಇಲ್ಲ" ಎಂದು ಅವರು ರೇಗಿಸುತ್ತಿದ್ದರು. ಜೆ.ಪಿ. ನಗರದ ಮನೆ ತಲುಪುವ ಹೊತ್ತಿಗೆ ಬೇಜಾರು ಇಳಿದಿರುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಆ ದಿನಗಳೂ ಸುಖವಾಗಿಯೇ ಇದ್ದವು.

ಹೀಗಿರುವಾಗ ಹಳೆಯ ನೆರೆಯವರೊಬ್ಬರ ಮಗಳ ಫೋನು ಬಂತು. ನಾವು ಜಯನಗರದಲ್ಲಿ ಬಾಡಿಗೆಗಿದ್ದಾಗ ಪಕ್ಕದ ಮನೆಯಲ್ಲಿದ್ದ, ಬೀದಿಯವರೆಲ್ಲ ಮಾಮಿ ಎಂದು ಕರೆಯುತ್ತಿದ್ದ ಹೆಂಗಸು ಈಗ ಗಿರಿನಗರದಲ್ಲಿ ಮಗಳ ಜೊತೆ ಇದ್ದಾರೆ. ಎಂಬತ್ತು ದಾಟಿದೆ, ಬಾಯಿ ಮಾತ್ರ ಮೂವತ್ತರದು. ಮಗಳು ಹೇಳಿದಳು, "ಅಕ್ಕ, ಅಮ್ಮನ ಪೂಜೆ ಡಬ್ಬೀಲಿ ಒಂದು ದೊಡ್ಡ ಚಿನ್ನದ ಕಾಸಿದೆ. ಹರಾಜಿಗೆ ಹಾಕೋಣ ಅಂತ. ಏನು ಬಾಳುತ್ತೆ ನೋಡಿ ಹೇಳ್ತೀರಾ?"

ಭೂತಗನ್ನಡಿ ಚೀಲಕ್ಕೆ ಹಾಕಿಕೊಂಡು ಹೋದೆ. ಮಾಮಿ ಬೆಳ್ಳಿಯ ಭರಣಿಯಿಂದ ಅದನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಅದೇ ಇಪ್ಪತ್ತು ಡಾಲರ್. ಅದೇ ಹೆಂಗಸು, ಅದೇ ಹದ್ದು. ಆದರೆ ಹಣೆಗೆ ಕುಂಕುಮ, ಪಾದಕ್ಕೆ ಅರಿಶಿನ, ಸುತ್ತಲಿನ ಇಂಗ್ಲಿಷ್ ಅಕ್ಷರಗಳ ಸಂದಿನಲ್ಲೆಲ್ಲ ಒಣಗಿದ ಗಂಧ.

"ನಮ್ಮನೆ ಲಕ್ಷ್ಮಿ ಕಣೇ" ಅಂದರು ಮಾಮಿ. "ಮುಂದೆ ದೀಪ ಹಿಡ್ಕೊಂಡ ಲಕ್ಷ್ಮಿ, ಹಿಂದೆ ಗರುಡ."

ಮಾಮಿಯ ಅತ್ತೆ ಮದುವೆಯಾಗಿ ಬಂದಾಗ ಬಳೆ ಮಾಡಿಸಲೆಂದು ಅವರ ಮಾವ ಈ ನಾಣ್ಯವನ್ನು ಚಿಕ್ಕಪೇಟೆಯ ಅಕ್ಕಸಾಲಿಗೆ ಕೊಟ್ಟಿದ್ದರಂತೆ. ಆತ ತಿರುಗಿಸಿ ನೋಡಿ, ಲಕ್ಷ್ಮಿಯೂ ಗರುಡನೂ ಇರುವ ಕಾಸನ್ನು ತಾನು ಕರಗಿಸುವುದಿಲ್ಲ ಎಂದು ಹಿಂದಕ್ಕೆ ಕಳಿಸಿದ. ಅಂದಿನಿಂದ ಪ್ರತಿ ಶುಕ್ರವಾರ ಅದನ್ನು ಉಜ್ಜಿ ತೊಳೆದು ಹಾಲಿನ ಅಭಿಷೇಕ. ಅತ್ತೆಯಿಂದ ಸೊಸೆಗೆ ಹೋಗಬೇಕು, ಮಗಳಿಗೆ ಕೊಡುವ ಪದ್ಧತಿ ಇಲ್ಲ.

"ಮಾಮಿ, ಇದು ಅಮೆರಿಕದ್ದು" ಅಂದೆ ಮೆಲ್ಲಗೆ.

"ಇಂಗ್ಲಿಷ್ ಓದಕ್ಕೆ ನಂಗೂ ಬರುತ್ತೆ. ದುಡ್ಡಿನ ಮೇಲೆ ಅವರು ತಾನೇ ಇನ್ಯಾರನ್ನ ಹಾಕ್ತಾರೆ? ಲಕ್ಷ್ಮೀನೇ ಹಾಕಿದಾರೆ."

ಕಿಟಕಿಯ ಬಳಿ ಹೋಗಿ ಭೂತಗನ್ನಡಿ ಹಿಡಿದೆ. ಕಣ್ಣಿಲ್ಲ, ಮೂಗಿಲ್ಲ. ಎದೆ, ಮೊಣಕಾಲು ಸಪಾಟಾಗಿವೆ. ಹದ್ದಿನ ರೆಕ್ಕೆಯ ಗರಿಗಳು ಒಂದಕ್ಕೊಂದು ಕೂಡಿಕೊಂಡು ಹೋಗಿವೆ. ಓರೆ ಮಾಡಿದರೆ ಬೆಳಕು ಸುತ್ತುವುದಿಲ್ಲ, ಇದ್ದಲ್ಲೇ ಮಿನುಗುತ್ತದೆ. ಬೇರೆಯವರ ನಾಣ್ಯವಾಗಿದ್ದರೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ಇಲ್ಲಿ ನುಂಗಿಕೊಂಡು, ಹರಾಜಿನವರಿಗೆ ಫೋನು ಮಾಡಿ ಕೇಳಿದೆ. ತೊಳೆದು ತೊಳೆದು ಸವೆದಿದ್ದರೆ ಸಂಗ್ರಹ ಮಾಡುವವರು ಯಾರೂ ಕೈ ಎತ್ತುವುದಿಲ್ಲ, ಚಿನ್ನದ ಅಂಗಡಿಯವರು ತೂಕದ ಬೆಲೆಗೆ ಕೊಳ್ಳುತ್ತಾರೆ ಎಂದರು. ಅದನ್ನೇ ಮಗಳಿಗೆ ಹೇಳಿದೆ.

"ಅವರು ಕೊಂಡು ಏನು ಮಾಡ್ತಾರೆ?" ಎಂದು ಮಾಮಿ ಕೇಳಿದರು.

"ಕರಗಿಸ್ತಾರೆ ಮಾಮಿ."

ಮಾಮಿ ಮಗಳ ಕಡೆ ತಿರುಗಿದರು. "ನೋಡಿದ್ಯಾ? ನಾನು ಹರಾಜು ಬೇಡ ಅಂದಿದ್ದು ಅದಕ್ಕೇ."

"ಮತ್ತೇನಮ್ಮ ಮಾಡೋದು? ನೀನೇ ತಾನೇ ಇನ್ನು ಕೈಲಾಗಲ್ಲ ಅಂದಿದ್ದು?" ಎಂದಳು ಮಗಳು. ಹಿಂದಿನ ಶುಕ್ರವಾರ ಅಭಿಷೇಕ ಮಾಡುವಾಗ ಮಾಮಿಯ ಕೈ ನಡುಗಿ ನಾಣ್ಯ ಜಾರಿ, ಉರುಳಿಕೊಂಡು ಹೋಗಿ ಬಚ್ಚಲ ಜಾಲರಿಯ ಮೇಲೆ ನಿಂತಿತ್ತಂತೆ. ಮಾಮಿ ಅಂದು ಊಟ ಮಾಡಿರಲಿಲ್ಲ. ಸೊಸೆ ಇಲ್ಲ, ಇರುವವಳು ಒಬ್ಬಳೇ ಮಗಳು, ಅವಳಿಗೆ ಅವಳ ಅತ್ತೆಮನೆಯ ದೇವರುಗಳೇ ಒಂದು ಮಂಟಪ ತುಂಬ ಇದ್ದಾರೆ. ಮಾರಿ ಬಂದ ಹಣವನ್ನು ಅನ್ನದಾನಕ್ಕೆ ಕೊಟ್ಟರೆ ಅಮ್ಮನಿಗೆ ಸಮಾಧಾನವಾದೀತು ಎಂಬುದು ಮಗಳ ಲೆಕ್ಕ. ಮಾಮಿಗೆ ಬೇಕಾದದ್ದು ಅದಲ್ಲ. ತಾನು ಹೋದ ಮೇಲೂ ಶುಕ್ರವಾರ ಬೆಳಿಗ್ಗೆ ಯಾರಾದರೊಬ್ಬರು ಇವಳಿಗೆ ನೀರು ಹಾಕಬೇಕು, ಅಷ್ಟೇ.

ಮಾಮಿ ನನ್ನನ್ನೇ ನೋಡುತ್ತಿದ್ದರು. "ತೂಕದ ಬೆಲೆ ಅನ್ನದಾನಕ್ಕೆ ಕೊಟ್ಬಿಡು, ನೀನೇ ಇಟ್ಕೋ. ನಂಗೆ ಸೊಸೆ ಅಂತ ಒಬ್ಬಳು ಇದ್ದಿದ್ರೆ ನಿನ್ ಥರಾನೇ ಎದುರು ಮಾತಾಡ್ತಾ ಇರ್ತಿದ್ಲು. ಆದ್ರೆ ಶುಕ್ರವಾರ ತಪ್ಪಿಸಬಾರದು."

ಮನಸ್ಸು ಎರಡಾಯಿತು. ಇಷ್ಟು ವರ್ಷ ಕನಸಿನಲ್ಲಿ ಬಂದದ್ದು ಅಂಗೈಯಲ್ಲಿ ಕೂತಿದೆ. ಆದರೆ ಅದನ್ನು ವಾರವಾರವೂ ಉಜ್ಜಬೇಕು. ಯಾವುದನ್ನು ಪಾಪ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆನೋ ಅದನ್ನೇ ನನ್ನ ಕೈಯಾರೆ ಮಾಡಬೇಕು. ಹ್ಞೂಂ ಎಂದು ತಂದು ಬೀರುವಿನಲ್ಲಿಟ್ಟರೆ ಯಾರು ಬಂದು ನೋಡುತ್ತಾರೆ ಎಂದೂ ಒಮ್ಮೆ ಅನಿಸಿತು. ಮಾಮಿಯ ಮುಖ ನೋಡಿಕೊಂಡು ಆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಡುದಾರಿ ಹುಡುಕಿದೆ.

"ನಾಣ್ಯಕ್ಕೆ ಅಂತಲೇ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿ ಸಿಗುತ್ತೆ ಮಾಮಿ, ಗಾಜಿನ ಹಾಗೆ ಕಾಣುತ್ತೆ. ಅದರೊಳಗಿಟ್ಟು ಮೇಲಿಂದ ಹಾಲು ಹಾಕ್ತೀನಿ. ಶುಕ್ರವಾರ ತಪ್ಪಿಸಲ್ಲ."

"ನೀನು ರೇನ್‌ಕೋಟ್ ಹಾಕ್ಕೊಂಡು ಸ್ನಾನ ಮಾಡ್ತೀಯೇನೇ?" ಅಂದರು ಮಾಮಿ.

ಮಗಳು ನಗು ತಡೆಯಲಾರದೆ ಒಳಗೆ ಹೋದಳು. ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ. ಯೋಚಿಸಲು ಏನೂ ಇರಲಿಲ್ಲ. ಮನೆಯಲ್ಲಿ ನನ್ನ ಚಿಕ್ಕ ಡಾಲರುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಒಂದೊಂದೂ ಇವತ್ತು ಟಂಕಿಸಿದ ಹಾಗಿದ್ದವು, ಮುಟ್ಟಿದವರಿಲ್ಲ. ನನಗೂ ಅವುಗಳ ಅಂಚು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಹರಾಜಿನವರಿಗೆ ಫೋನು ಮಾಡಿ, ಎಲ್ಲವನ್ನೂ ಮುಂದಿನ ಹರಾಜಿಗೆ ಹಾಕಿಕೊಳ್ಳಿ ಎಂದೆ. ಮಾಮಿಗೂ ಫೋನು ಮಾಡಿ, ತೂಕದ ಬೆಲೆ ಕಟ್ಟುತ್ತೇನೆ, ಲಕ್ಷ್ಮಿ ನನಗಿರಲಿ ಎಂದೆ.

"ಬೆಳಕು ಸುತ್ತೋದನ್ನ ಮಾರಿ, ಸುತ್ತದೇ ಇರೋದನ್ನ ಕೊಳ್ತಾ ಇದೀಯ. ತಲೆ ನೆಟ್ಟಗಿದೆಯಾ?" ಎಂದರು ನಮ್ಮವರು. ಇಷ್ಟು ವರ್ಷ ಸ್ಕೂಟರಿನ ಮೇಲೆ ಕೂತೇ ಅವರು ಇಷ್ಟೆಲ್ಲ ಕಲಿತದ್ದು ನನಗೆ ಗೊತ್ತೇ ಇರಲಿಲ್ಲ. ಹರಾಜಿನ ದಿನ ಮೊದಲ ಸಲ ಮೇಲಕ್ಕೆ ಬಂದು ಪಕ್ಕದಲ್ಲಿ ಕೂತರು. ಗುಂಡಿಯಷ್ಟಿದ್ದ ಡಾಲರಿಗಾಗಿ ಇಬ್ಬರು ಜಿದ್ದಿಗೆ ಬಿದ್ದು ಕೂಗಿದರು, ಬೆಲೆಯನ್ನು ನಾನಿಟ್ಟ ಅಂದಾಜು ದಾಟಿಸಿ ಎಲ್ಲಿಗೋ ಒಯ್ದರು. ಕೊಳ್ಳುವಾಗ ಸರಿಯಾಗಿ ನೋಡಿ ಕೊಂಡಿದ್ದೆ ಎಂದು ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದೇಕೆ. ಕೊಂಡವರೊಬ್ಬರು ಬಂದು, "ಮೇಡಂ, ಸಖತ್ತಾಗಿ ಇಟ್ಕೊಂಡಿದೀರ" ಅಂದರು. ಮುಖ ಮಾತ್ರ ಮುಟ್ಟಬೇಡಿ ಎಂದು ಹೇಳಿ ಕಳಿಸಿದೆ. ಬಂದ ಹಣಕ್ಕೆ ಠೇವಣಿಯಿಂದ ಸ್ವಲ್ಪ ಸೇರಿಸಿ ಅನ್ನದಾನಕ್ಕೆ ಕಟ್ಟಿದೆ.

ಮುಂದಿನ ಶುಕ್ರವಾರ ಬೆಳಿಗ್ಗೆ ಮಾಮಿ ಮಗಳ ಜೊತೆ ಆಟೋದಲ್ಲಿ ಬಂದರು. ಭರಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಇಳಿದರು. ದೇವರ ಮುಂದೆ ಮಣೆ ಹಾಕಿಸಿಕೊಂಡು ಕೂತು, ಪಕ್ಕದಲ್ಲಿ ನನ್ನನ್ನೂ ಕೂರಿಸಿಕೊಂಡರು. ತಟ್ಟೆಯಲ್ಲಿ ನಾಣ್ಯ, ಒಂದು ಲೋಟ ಉಗುರುಬೆಚ್ಚಗಿನ ನೀರು, ಇನ್ನೊಂದರಲ್ಲಿ ಹಾಲು. ನೀರು ಹಾಕಿದೆ, ಹಾಲು ಹಾಕಿದೆ, ಅಂಚಿನಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದೆ.

"ಅದೇನು, ಬಿಸಿ ಹಂಚು ಹಿಡಿದ ಹಾಗೆ ಹಿಡ್ಕೊಂಡಿದೀಯ? ಹೋದ ವಾರದ ಗಂಧ ಎಲ್ಲ ಹಾಗೇ ಇದೆ. ಹೆಬ್ಬೆಟ್ಟಿಟ್ಟು ಉಜ್ಜು" ಅಂದರು ಮಾಮಿ.

"ಸವೆದು ಹೋಗ್ತಾಳೆ ಮಾಮಿ" ಅಂದೆ. "ಆಗ್ಲೇ ಇಷ್ಟು ಸವೆದಿದಾಳೆ. ನನ್ನ ಕೈಯಿಂದ ಇನ್ನೂ ಸವೆಸಕ್ಕೆ ಮನಸ್ಸು ಬರ್ತಿಲ್ಲ."

ಮಾಮಿ ನನ್ನ ಕೈಯನ್ನು ತಮ್ಮ ನಡುಗುವ ಕೈಯಲ್ಲಿ ಹಿಡಿದು, ನಾಣ್ಯವನ್ನು ನನ್ನ ಕಣ್ಣಿನ ಹತ್ತಿರಕ್ಕೆ ತಂದರು.

"ನಮ್ಮತ್ತೆಗೆ ಬಂದಾಗ ಇವಳಿಗೆ ಕಣ್ಣು, ಮೂಗು ಎಲ್ಲ ಇತ್ತಂತೆ. ಕಣ್ಣು ಅವರು ಸವೆಸಿದ್ದು. ಮೂಗು ನಾನು ಸವೆಸಿದ್ದು. ದೀಪ ಇನ್ನೂ ಹಾಗೇ ಇದೆ ನೋಡು. ಅದು ನಿನ್ನ ಪಾಲು."

ನಾನು ಅವಳ ಮುಖದ ಮೇಲೆ ಹೆಬ್ಬೆರಳಿಟ್ಟು ಒತ್ತಿ ಉಜ್ಜಿದೆ.