ಗುಬ್ಬಿಯಲ್ಲಿ ಕಂಡವಳು ಕುಣಿಗಲ್‌ನಲ್ಲಿ

ರಾಜ್ಯದಲ್ಲಿ ನರ್ಸುಗಳು ಸಾಲುತ್ತಿಲ್ಲ, ಯಾವ ಜಿಲ್ಲೆಯಲ್ಲಿ ಎಷ್ಟು ಸೀಟು ಹೆಚ್ಚಿಸಬಹುದೆಂದು ತೀರ್ಮಾನಿಸಬೇಕು, ಇರುವ ನರ್ಸಿಂಗ್ ಕಾಲೇಜುಗಳನ್ನು ಕಣ್ಣಾರೆ ನೋಡಿ ವರದಿ ಕೊಡಿ ಎಂದು ಬೆಂಗಳೂರಿನಿಂದ ಪತ್ರ ಬಂತು. ನಮ್ಮ ತಂಡದಲ್ಲಿ ಇಬ್ಬರೇ. ಒಬ್ಬಳು ನಾನು, ತುಮಕೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನರ್ಸಿಂಗ್ ಪಾಠ ಹೇಳಿದವಳು. ಇನ್ನೊಬ್ಬರು ನಿವೃತ್ತ ಸರ್ಕಾರಿ ಡಾಕ್ಟರು. ಅವರನ್ನು ನಾನು ಮೊದಲು ನೋಡಿದ್ದು ಸೋಮವಾರ ಬೆಳಿಗ್ಗೆ, ಶೆಟ್ಟಿಹಳ್ಳಿಯ ನಮ್ಮ ಮನೆ ಮುಂದೆ ಜೀಪು ನಿಂತಾಗ.

ಮೊದಲ ಕಾಲೇಜಿದ್ದ ಗುಬ್ಬಿ ತಲುಪುವವರೆಗೂ ಅವರು ನನ್ನ ಜೊತೆ ನಾಲ್ಕು ಮಾತು ಆಡಲಿಲ್ಲ. ಆದರೆ ಎರಡು ಸಲ ಫೋನ್ ಬಂತು. ಎರಡು ಸಲವೂ ಕಿಟಕಿಯ ಕಡೆ ತಿರುಗಿ, "ಆಯ್ತು ಆಯ್ತು, ಹೇಳಿದ್ನಲ್ಲ" ಎಂದು ಮೆಲ್ಲಗೆ ಹೇಳಿ ಇಟ್ಟರು. ಯಾರಿಗೆ ಏನು ಹೇಳಿದ್ದರು? ನಾನು ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಸುಮ್ಮನೆ ಅವರ ಮುಖ ನೋಡುತ್ತಾ ಕುಳಿತೆ.

ಕಾಲೇಜಿನ ಬಾಗಿಲಲ್ಲೇ ಹಾರ, ಎಳನೀರು. ಪಕ್ಕದಲ್ಲಿ ಅವರದೇ ಆಸ್ಪತ್ರೆ. ವಿದ್ಯಾರ್ಥಿಗಳು ಅಭ್ಯಾಸ ಮಾಡುವುದು ಇಲ್ಲೇ ಎಂದರು ಪ್ರಿನ್ಸಿಪಾಲರು. ವಾರ್ಡಿನಲ್ಲಿ ಒಂದು ಮಂಚವೂ ಖಾಲಿ ಇರಲಿಲ್ಲ. ನನಗೆ ಮೊದಲು ಕಂಡದ್ದು ಹಾಸಿಗೆ ಬಟ್ಟೆಯ ಮೇಲಿನ ಮಡಿಕೆ ಗೆರೆಗಳು. ಒಂದು ರಾತ್ರಿ ಒಬ್ಬ ರೋಗಿ ಮಲಗಿದ್ದರೂ ಆ ಗೆರೆ ಹಾಗೆ ನಿಲ್ಲುವುದಿಲ್ಲ. ಮಂಚಗಳಿಗೆ ನೇತುಹಾಕಿದ್ದ ಜ್ವರದ ಚೀಟಿಗಳನ್ನು ತಿರುವಿ ನೋಡಿದೆ. ಎಲ್ಲವೂ ಒಂದೇ ಕೈಬರಹ, ಒಂದೇ ಪೆನ್ನು.

ಒಬ್ಬ ಅಜ್ಜಿಯ ಪಕ್ಕ ಕುಳಿತೆ. ಹಿಮ್ಮಡಿಯಲ್ಲಿ ಹೊಲದ ಮಣ್ಣು ಇನ್ನೂ ಹಸಿಯಾಗಿತ್ತು.

"ಏನಾಗೈತೆ ಅಜ್ಜಿ?"

"ಜ್ವರ ಕಣವ್ವ." ಕೈ ಮುಟ್ಟಿದೆ, ತಣ್ಣಗಿತ್ತು.

"ಎಷ್ಟು ದಿನ ಆಯ್ತು ಇಲ್ಲಿಗೆ ಬಂದು?"

ಅಜ್ಜಿ ಪ್ರಿನ್ಸಿಪಾಲರ ಮುಖ ನೋಡಿದಳು. "ಮೂರು ದಿನ ಮೇಡಂ" ಎಂದರು ಅವರೇ.

"ಹೌದಾ? ಅಜ್ಜಿ, ಇಲ್ಲಿ ಬಚ್ಚಲುಮನೆ ಎಲ್ಲೈತೆ? ನಾನು ಕೈ ತೊಳೀಬೇಕಿತ್ತು."

ಅಜ್ಜಿ ಎದ್ದು ಕುಳಿತು ಆ ಕಡೆ ಈ ಕಡೆ ನೋಡಿದಳು. "ಅದೆಲ್ಲೈತೋ ಕಾಣೆ ಕಣವ್ವ. ಈಗ ತಾನೇ ಕರ್ಕೊಂಬಂದವ್ರೆ."

ಪ್ರಿನ್ಸಿಪಾಲರು ನಕ್ಕು, "ವಯಸ್ಸಾಗಿದೆ, ಮರೆವು" ಎಂದರು. ನಾನು ಡಾಕ್ಟರ ಕಡೆ ತಿರುಗಿದೆ. ಅವರು "ಟೀಚರ್‌ಗಳನ್ನ ನೋಡೋಣ ಬನ್ನಿ" ಎಂದು ಮುಂದೆ ನಡೆದರು. ಇವರಿಗೂ ಕಾಲೇಜಿನವರಿಗೂ ಮೊದಲೇ ಎಲ್ಲ ಮಾತಾಗಿದೆ ಎಂದುಕೊಂಡೆ.

ಟೀಚರ್‌ಗಳು ಸಾಲಾಗಿ ನಿಂತು ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರು. ಮಕ್ಕಳ ಶುಶ್ರೂಷೆ ಕಲಿಸುವವಳು ಎಂದು ಪರಿಚಯಿಸಿದ ಹೆಂಗಸು ಮಾಸ್ಕ್ ಹಾಕಿಕೊಂಡಿದ್ದಳು, ಕೆಮ್ಮು ಅಂತೆ. ಸಹಿ ಮಾಡಿದ್ದು ಎಡಗೈಯಲ್ಲಿ. ತಲೆ ಎತ್ತಲಿಲ್ಲ.

ಬುಧವಾರ ಕುಣಿಗಲ್ ಕಡೆಯ ಇನ್ನೊಂದು ಕಾಲೇಜು. ಅಲ್ಲೂ ಟೀಚರ್‌ಗಳು ಸಾಲಾಗಿ ನಿಂತರು. ಸಾಲಿನ ಕೊನೆಯಲ್ಲಿ ಮಾಸ್ಕ್ ಹಾಕಿದವಳೊಬ್ಬಳು, ಬೇರೆ ಸೀರೆ, ಬೇರೆ ಹೆಸರು, ಬೇರೆ ವಿಷಯ. ಪೆನ್ನು ಎತ್ತಿಕೊಂಡದ್ದು ಎಡಗೈಯಲ್ಲಿ.

"ಮಾಸ್ಕ್ ತೆಗೀತೀಯೇನಮ್ಮ?" ಎಂದೆ.

ತೆಗೆದಳು. ನನ್ನ ಶಿಷ್ಯೆ. ಹನ್ನೆರಡು ವರ್ಷದ ಹಿಂದೆ ಅವಳಿಗೆ ಇಂಜೆಕ್ಷನ್ ಹೇಳಿಕೊಡಬೇಕೆಂದು ಟ್ರೇಯನ್ನು ಎಡಕ್ಕೆ ತಿರುಗಿಸಿ ಜೋಡಿಸುವುದನ್ನು ನಾನೇ ಹೊಸದಾಗಿ ಕಲಿತಿದ್ದೆ. ಅವಳು ತಲೆ ತಗ್ಗಿಸಿ ಸಹಿ ಹಾಕಿದಳು. ಡಾಕ್ಟರು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ ಹಾಳೆ ತಿರುಗಿಸಿದರು.

ವಾಪಸು ಬರುವಾಗ ಜೀಪಿನಲ್ಲಿ ಅವರೇ ಕೇಳಿದರು. "ಎಲ್ಲಾ ಸರಿಯಾಗಿದೆ ಅಲ್ವಾ ಮೇಡಂ?"

ನನ್ನ ಬಾಯಿ ಬಿಡಿಸಲು ಕೇಳುತ್ತಿದ್ದಾರೆ ಅನ್ನಿಸಿತು. "ನೋಡೋಣ ಸರ್, ಬರೆಯುವಾಗ ನೋಡೋಣ" ಎಂದೆ.

ಅದೇ ಸಂಜೆ ಅವಳು ನಮ್ಮ ಮನೆಗೆ ಬಂದಳು. ನಾನು ಬಾಗಿಲಲ್ಲೇ ನಿಂತು ಬೀದಿಯ ತುದಿಯವರೆಗೂ ನೋಡಿದೆ. ಮೂಲೆಯಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಕಾಲೇಜಿನವರೇ ಕಳಿಸಿದ್ದಾರೆ ಎಂದು ಖಾತ್ರಿಯಾಯಿತು. ಒಳಗೆ ಕರೆದೆ, ಆದರೆ ಕಾಫಿ ಕೊಡಲಿಲ್ಲ.

"ಯಾಕಮ್ಮ ಹೀಗೆ ಮಾಡ್ದೆ?"

"ವಾರ್ಡಲ್ಲಿ ಐವತ್ತು ಪೇಷೆಂಟ್‌ಗೆ ನಾವಿಬ್ರೇ ಇದ್ವಿ ಮೇಡಂ. ಎತ್ತಿ ಇಳಿಸಿ ಸೊಂಟ ಹೋಯ್ತು, ಬಿಟ್ಟೆ. ಆಮೇಲೆ ಈ ಎರಡೂ ಕಾಲೇಜಿನವ್ರು ಕರೆದ್ರು. ಯಾರಾದ್ರೂ ನೋಡೋಕೆ ಬಂದಾಗ ಬಂದು ನಿಂತ್ಕೊಳ್ಳಿ ಸಾಕು ಅಂದ್ರು."

"ಮತ್ತೆ ಆ ಹುಡುಗೀರಿಗೆ ಪಾಠ ಯಾರು ಮಾಡ್ತಾರೆ?"

"ಯಾರೂ ಮಾಡಲ್ಲ ಮೇಡಂ. ಮೂರನೇ ವರ್ಷದವ್ರು ಇನ್ನೂ ಗೊಂಬೆಗೇ ಇಂಜೆಕ್ಷನ್ ಚುಚ್ತಾ ಅವ್ರೆ."

"ಈಗ ನನ್ನ ಹೆಸರು ಬರೀಬೇಡಿ ಅಂತ ಕೇಳೋಕೆ ಬಂದ್ಯಾ?"

ಅವಳು ತಲೆ ಅಲ್ಲಾಡಿಸಿದಳು. "ಬರೀರಿ. ಆದ್ರೆ ಕಾಲೇಜು ಮುಚ್ಚಿ ಅಂತ ಮಾತ್ರ ಬರೀಬೇಡಿ. ಆ ಹುಡುಗೀರು ಎಲ್ಲಿಗೆ ಹೋಗ್ತಾರೆ? ನಿಜವಾದ ಆಸ್ಪತ್ರೇಲಿ ಕೆಲಸ ಕಲ್ಯೋ ಹಂಗೆ ಏನಾದ್ರೂ ಮಾಡಿ."

ನಾನು ನಂಬಲಿಲ್ಲ. ಕಾಲೇಜು ಉಳಿಸಿಕೊಳ್ಳಲು ಅವರೇ ಹೇಳಿಕೊಟ್ಟ ಮಾತಿರಬೇಕು ಅಂದುಕೊಂಡೆ. ಅವಳು ಹೊರಟ ಮೇಲೆ ಗೇಟಿನ ಹತ್ತಿರ ನಿಂತು ನೋಡಿದೆ. ಅವಳು ಬಿಳಿ ಕಾರನ್ನು ದಾಟಿ, ಸೊಂಟದ ಮೇಲೆ ಒಂದು ಕೈ ಇಟ್ಟುಕೊಂಡು, ಬಸ್ ಸ್ಟಾಪಿನ ಕಡೆ ನಿಧಾನ ನಡೆದುಹೋದಳು. ಪಕ್ಕದ ಮನೆಗೆ ಬಂದಿದ್ದ ನೆಂಟರು ಹೊರಗೆ ಬಂದು ಆ ಕಾರು ಹತ್ತಿದರು. ಒಂದು ಲೋಟ ಕಾಫಿ ಕೊಡಬಹುದಿತ್ತು.

ಮರುದಿನ ವರದಿ ಬರೆದೆ. ಅಜ್ಜಿಯ ಹಿಮ್ಮಡಿ, ಜ್ವರದ ಚೀಟಿ, ಎರಡು ಕಡೆ ಸಹಿ ಹಾಕಿದ ಒಬ್ಬಳೇ ಟೀಚರ್, ಎಲ್ಲವನ್ನೂ. ಅವಳ ಹೆಸರು ಬರುವ ಜಾಗದಲ್ಲಿ ಪೆನ್ನು ಬಹಳ ಹೊತ್ತು ನಿಂತಿತು. ಕೊನೆಗೆ ಬರೆದೆ. ಡಾಕ್ಟರು ಸಹಿ ಹಾಕದಿದ್ದರೆ ನಾನೊಬ್ಬಳೇ ಕಳಿಸುವುದೆಂದು ಇನ್ನೊಂದು ಪ್ರತಿ ತೆಗೆದು ಚೀಲದಲ್ಲಿಟ್ಟುಕೊಂಡೆ.

ಕ್ಯಾತ್ಸಂದ್ರದ ಅವರ ಮನೆಯಲ್ಲಿ ಅವರು ಹಾಳೆಗಳನ್ನು ಒಂದೊಂದಾಗಿ ಓದಿದರು. ಆಮೇಲೆ ಒಳಗೆ ಹೋಗಿ ತಾವು ಬರೆದಿಟ್ಟಿದ್ದ ಹಾಳೆ ತಂದು ನನ್ನ ಮುಂದಿಟ್ಟರು. ಅದರಲ್ಲೂ ಎರಡು ಕಾಲೇಜುಗಳಲ್ಲಿ ಅವಳು ಹಾಕಿದ ಸಹಿಯ ವಿಷಯವಿತ್ತು, ಕೆಳಗೆ ಗೆರೆ ಎಳೆದು.

"ನೀವು ಅವಳ ಗುರುತು ಹಿಡಿದಿದ್ದು ನನಗೆ ಆವತ್ತೇ ಗೊತ್ತಾಯ್ತು ಮೇಡಂ. ನಿಮ್ಮ ಹುಡುಗಿ ಅಂತ ಬಿಟ್ಟುಬಿಡ್ತೀರೇನೋ ಅಂತ ಕಾಯ್ತಿದ್ದೆ. ಅದಕ್ಕೇ ಜೀಪಲ್ಲಿ ಕೇಳಿದ್ದು."

"ನಾನೂ ನಿಮ್ಮನ್ನ ಅನುಮಾನಿಸಿದ್ದೆ ಸರ್."

"ಗೊತ್ತು. ನನ್ನ ಮಗಳು ಬಿಪಿ ಮಾತ್ರೆ ತಗೊಂಡ್ರಾ ಅಂತ ಫೋನ್ ಮಾಡಿದ್ರೂ ನೀವು ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿದ್ರಿ."

ನಾಚಿಕೆಯಾಯಿತು. ಇಬ್ಬರೂ ಸಹಿ ಹಾಕಿದೆವು. ಕಾಲೇಜು ಮುಚ್ಚುವುದರ ಬದಲು, ಸೀಟು ಹೆಚ್ಚಿಸಬಾರದು, ಹುಡುಗಿಯರನ್ನು ಸರ್ಕಾರಿ ಆಸ್ಪತ್ರೆಗೆ ಅಭ್ಯಾಸಕ್ಕೆ ಕಳಿಸಬೇಕು ಎಂದು ಕೊನೆಯ ಪುಟದಲ್ಲಿ ಸೇರಿಸಿದೆವು. ಆ ಸಾಲು ನನ್ನ ಶಿಷ್ಯೆಯದೇ ಎಂದು ನಾನು ಅವರಿಗೆ ಹೇಳಿದೆ.

ಸೀಟು ಹೆಚ್ಚಲಿಲ್ಲ. ಕೆಲವು ತಿಂಗಳಾದ ಮೇಲೆ ಹುಡುಗಿಯರು ತಂಡತಂಡವಾಗಿ ತುಮಕೂರಿನ ಸರ್ಕಾರಿ ಆಸ್ಪತ್ರೆಗೆ ಬರತೊಡಗಿದರು. ಮೂರನೇ ವರ್ಷದವಳೊಬ್ಬಳು ಮೊದಲ ಸಲ ಜೀವಂತ ಮನುಷ್ಯನ ತೋಳಿಗೆ ಸೂಜಿ ಹಾಕುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಸೂಜಿ ಹೊರತೆಗೆದು, ಚುಚ್ಚಿದ ಜಾಗಕ್ಕೆ ಅವಳೇ ಹತ್ತಿ ಒತ್ತಿ ಹಿಡಿದಳು.

ನನ್ನ ಶಿಷ್ಯೆಯನ್ನು ವಿಚಾರಣೆಗೆ ಕರೆದರು. ಮಾಡಿದ್ದನ್ನೆಲ್ಲ ಒಪ್ಪಿಕೊಂಡಳಂತೆ. ಈಗ ಅಮೃತೂರಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಹಗಲು ಪಾಳಿ ಮಾಡುತ್ತಿದ್ದಾಳೆ. ಒಂದು ಸಲ ಹುಡುಕಿಕೊಂಡು ಹೋಗಿದ್ದೆ. "ಚೆನ್ನಾಗಿದೀರಾ ಮೇಡಂ?" ಎಂದಳು, ಕೈಯಲ್ಲಿದ್ದ ಕೆಲಸ ನಿಲ್ಲಿಸಲಿಲ್ಲ. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಸೀಟು ಹೆಚ್ಚಿಸುವ ರಾಜ್ಯದ ಯೋಜನೆಯ ಪಟ್ಟಿ ಮೊನ್ನೆ ಕೈಗೆ ಬಂತು. ಎಷ್ಟೋ ಕಾಲೇಜುಗಳ ಮುಂದೆ ಹಾಸಿಗೆಗಳೆಲ್ಲ ಭರ್ತಿ, ಟೀಚರ್‌ಗಳೆಲ್ಲ ಹಾಜರು ಎಂದಿದೆ. ಅಲ್ಲಿಗೆ ಹೋಗಿ ನೋಡಿದವರು ಯಾರೋ, ಏನು ಕೇಳಿದರೋ. ನಾನು ಮಾತ್ರ ಆ ಪಟ್ಟಿಯನ್ನು ಎರಡೆರಡು ಸಲ ಓದುತ್ತಿದ್ದೇನೆ.