ರಾಜಮ್ಮ ನನಗೆ ಹೇಳಿದ್ದರು

ರಾಜಮ್ಮ ನನಗೆ ಹೇಳಿದ್ದರು. ಲೊಕ್ಕನಹಳ್ಳಿಯ ಮಾದೇವ ಗುಳಿಗೆ ಬಿಟ್ಟಿದ್ದಾನೆ, ಡಾಕ್ಟರಿಗೆ ತಿಳಿಸಬೇಕು ಎಂದು ನನ್ನೆದುರು ಕೂತು, ಬಿಡಿಸಿ ಬಿಡಿಸಿ ಹೇಳಿದ್ದರು. ನಾನು ತಡೆದೆ. ಆಮೇಲೆ, ಅನಾಹುತವಾದ ಮೇಲೆ, ನನಗೆ ಯಾರೂ ಹೇಳಲೇ ಇಲ್ಲ ಎಂದು ಸುಳ್ಳಾಡಿದೆ.

ಇದನ್ನು ಬರೆಯುತ್ತಿರುವುದು ನನ್ನ ಬಳಿ ಮೇಲ್ವಿಚಾರಣೆಯ ತರಬೇತಿ ಪಡೆದ ನಿಮಗೆ. ಮನಸ್ಸಿನ ಕಾಯಿಲೆಯವರನ್ನು ನೋಡಿಕೊಳ್ಳುವ ಕಾರ್ಯಕರ್ತರಿಗೆ ಹಿರಿಯರಾಗಿ ನಿಲ್ಲುವುದು ಹೇಗೆ ಎಂದು ನಿಮಗೆಲ್ಲ ಪಾಠ ಮಾಡಿದವನು ನಾನು. ಆ ಪಾಠದಲ್ಲಿ ಒಂದು ಪ್ರಸಂಗ ಬರುತ್ತಿತ್ತು, ನೀವು ಮರೆತಿರಲಾರಿರಿ. ಒಬ್ಬ ಹೊಸ ಮೇಲ್ವಿಚಾರಕಿ ರೋಗಿ ಗುಳಿಗೆ ಬಿಟ್ಟ ಸಂಗತಿಯನ್ನು ಮೇಲಿನವರಿಗೆ ತಿಳಿಸದೆ ತಾನೇ ತೀರ್ಮಾನ ಮಾಡಿ ಒಂದು ಮನೆಯನ್ನು ಹಾಳುಮಾಡಿದ ಕಥೆ. ಎಷ್ಟು ಚೆನ್ನಾಗಿ ಹೇಳುತ್ತಿದ್ದೆ! ಎಲ್ಲಿ ತಡೆಯಬೇಕು, ಎಲ್ಲಿ ದನಿ ಇಳಿಸಬೇಕು ಎಲ್ಲ ರೂಢಿಯಾಗಿಬಿಟ್ಟಿತ್ತು. ನೀವು ಅಯ್ಯೋ ಎಂದು ತಲೆಯಾಡಿಸುತ್ತಿದ್ದಿರಿ. ಆ ಕಥೆಯಲ್ಲಿ ಮಾದೇವ ನಿಜ, ಅವನ ಹೆಂಡತಿಯ ಮುರಿದ ಕೈ ನಿಜ. ತಪ್ಪು ಮಾಡಿದವರು ಮಾತ್ರ ಬೇರೆ.

ನಾನು ಯಳಂದೂರಿನವನು. ಗದ್ದೆ, ಆಲೆಮನೆ ಇದ್ದ ಅನುಕೂಲಸ್ಥ ಮನೆ. ಬೆಂಗಳೂರಿನಲ್ಲಿ ಈ ವಿದ್ಯೆ ಕಲಿತು ಬಂದಾಗ ಸುತ್ತಮುತ್ತ ಅದನ್ನು ಓದಿದವನು ನಾನೊಬ್ಬನೇ ಎಂಬ ಕೋಡು ಮೂಡಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವುದಕ್ಕೆ ಕೆಲವು ವರ್ಷ ಮುಂಚಿನ ಮಾತು. ಕೊಳ್ಳೇಗಾಲದಲ್ಲಿ ಕೆಲವು ದಾನಿಗಳು ಸೇರಿ ಒಂದು ಬಾಡಿಗೆ ಮನೆಯಲ್ಲಿ ಸಣ್ಣ ಚಿಕಿತ್ಸಾಲಯ ತೆರೆದಿದ್ದರು. ಈಗ ಅದು ಇಲ್ಲ. ಮೈಸೂರಿನಿಂದ ಡಾಕ್ಟರು ವಾರಕ್ಕೊಮ್ಮೆ ಬಂದು ರೋಗಿಗಳನ್ನು ನೋಡಿ ಗುಳಿಗೆ ಬರೆದುಕೊಟ್ಟು ಹೋಗುವರು. ಉಳಿದ ದಿನಗಳಲ್ಲಿ ಮಧುವನಹಳ್ಳಿ, ಕಾಮಗೆರೆ, ಹನೂರಿನ ಕಡೆಯ ಊರುಗಳಿಗೆ ಹೋಗಿ ರೋಗಿಗಳ ಮನೆಯಲ್ಲಿ ಕೂತು ಮಾತಾಡಿಸಿ ಬರಲು ಊರಿನ ಹೆಂಗಸರನ್ನೇ ಕಾರ್ಯಕರ್ತೆಯರಾಗಿ ತೆಗೆದುಕೊಂಡಿದ್ದೆವು. ಅವರಲ್ಲಿ ಅನುಭವವಿದ್ದವರನ್ನು ಮೇಲ್ವಿಚಾರಕಿಯರನ್ನಾಗಿ ತಯಾರು ಮಾಡುವುದು ನನ್ನ ಕೆಲಸ.

ಮೊದಲು ಆರಿಸಿದ್ದು ರಾಜಮ್ಮನವರನ್ನು. ಕೊಳ್ಳೇಗಾಲದ ರೇಷ್ಮೆ ನೇಯುವ ಮನೆಯ ಸೊಸೆ. ಕನ್ನಡ, ತಮಿಳು ಎರಡೂ ನೀರು ಕುಡಿದ ಹಾಗೆ ಬರುತ್ತಿದ್ದವು. ಗಂಡನ ಕಣ್ಣು ಮಂಜಾಗಿ ಮನೆಯ ಮಗ್ಗ ನಿಂತಿದ್ದರಿಂದ ಸಂಸಾರ ಸಾಗುತ್ತಿದ್ದದ್ದು ಇವರ ಸಂಬಳದಲ್ಲಿ. ಮೇಲ್ವಿಚಾರಕಿಯೆಂದು ಖಾಯಂ ಆದರೆ ಮಗಳನ್ನು ಮುಂದೆ ಓದಿಸಬಹುದು ಎಂದು ಒಮ್ಮೆ ಹೇಳಿದ್ದರು.

ಚಿಕಿತ್ಸಾಲಯದ ಒಳಕೋಣೆಯಲ್ಲಿ ನಮ್ಮ ಮಾತುಕತೆ. ಕಾರ್ಯಕರ್ತೆ ತಾನು ನೋಡಿದ ರೋಗಿಯ ವಿಷಯವನ್ನು ರಾಜಮ್ಮನವರ ಹತ್ತಿರ ಹೇಳಬೇಕು, ರಾಜಮ್ಮ ತಮ್ಮ ಅನುಮಾನಗಳನ್ನು ನನ್ನ ಹತ್ತಿರ ಹೇಳಬೇಕು. ನಾನು ಕಲಿಸಿದ ನಿಯಮಗಳು ನಿಮಗೂ ಗೊತ್ತು. ಕೇಳಿದ ತಕ್ಷಣ ಉತ್ತರ ಕೊಡಬಾರದು, ‘ನಿಮಗೇನು ಅನ್ನಿಸುತ್ತದೆ?’ ಎಂದು ತಿರುಗಿ ಕೇಳಬೇಕು. ಒಳಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗಬಾರದು. ಇಲ್ಲವಾದರೆ ಯಾರೂ ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳುವುದಿಲ್ಲವಲ್ಲ.

ಮೊದಲನೆಯ ನಿಯಮ ಕೇಳಿ ರಾಜಮ್ಮ ನಕ್ಕಿದ್ದರು. “ನಮ್ಮತ್ತೇನೂ ಇಂಗೇಯ ಸಾ. ಸಾರಿಗೆ ಉಪ್ಪು ಸಾಕಾ ಅತ್ತೆ ಅಂದ್ರೆ, ನಿಂಗೇನನ್ನುಸ್ತದಮ್ಮಿ ಅನ್ನೋಳು. ಅದು ಕೇಳೋದಲ್ಲ ಕಣ್ರಿ, ಎದರ್ಸೋದು.”

ನಾನೂ ನಕ್ಕೆ. ನಕ್ಕೆನೇ ಹೊರತು, ಆ ಮಾತು ನನಗೇ ಹೇಳಿದ್ದು ಎಂದು... ಇರಲಿ.

ಮಾದೇವನ ಊರು ಕಾಡಿನ ಅಂಚು. ಅವನಿಗೆ ಯಾರೋ ಬೈಯುವ ದನಿ ಕೇಳುತ್ತಿತ್ತು. ನಮ್ಮ ಗುಳಿಗೆ ಹಿಡಿದ ಮೇಲೆ ದನಿ ನಿಂತು ಬೇಸಾಯಕ್ಕೆ ಇಳಿದಿದ್ದ. ಆದರೆ ರಾಗಿ ತೆನೆ ಕಟ್ಟಿತೆಂದರೆ ಹಂದಿ, ಆನೆ ಹೊಲಕ್ಕೆ ನುಗ್ಗುತ್ತವೆ. ಅಟ್ಟಣೆಯ ಮೇಲೆ ಕೂತು ರಾತ್ರಿಯಿಡೀ ಕಾಯಬೇಕು. ಗುಳಿಗೆ ನುಂಗಿದರೆ ಕಣ್ಣು ಎಳೆಯುತ್ತದೆ. ಮೈಸೂರಿನ ಡಾಕ್ಟರಿಗಾಗಲಿ, ಗದ್ದೆಯ ಸೀಮೆಯಿಂದ ಬಂದ ನನಗಾಗಲಿ ಇದು ಹೊಳೆದೇ ಇರಲಿಲ್ಲ. ಆ ಊರಿಗೆ ಹೋಗುತ್ತಿದ್ದ ಕಾರ್ಯಕರ್ತೆ ಬಂದು ರಾಜಮ್ಮನವರಿಗೆ ಹೇಳಿದಳು, ರಾಜಮ್ಮ ನನಗೆ ಹೇಳಿದರು.

“ಮಾದೇವ ಗುಳಿಗೆ ಬುಟ್ಬುಟ್ಟವ್ನಂತೆ ಸಾ. ಕುಯ್ಲು ಮುಗಿಯಗಂಟ ಮುಟ್ಟಕಿಲ್ಲ ಅಂತಾವ್ನಂತೆ. ಡಾಕ್ಟ್ರಿಗೆ ಒಂದ್ಮಾತು ಏಳ್ಬೇಕು. ರಾತ್ರಿ ಬುಟ್ಟು ಒತ್ತಾರೆ ತಕಳಂಗೆ ಏನಾರ ಮಾಡಕಾದದಾ ಅಂತ.”

“ನಿಮಗೇನು ಅನ್ನಿಸುತ್ತದೆ ರಾಜಮ್ಮ?” ಎಂದೆ.

“ಡಾಕ್ಟ್ರಿಗೆ ಏಳ್ಬೇಕು ಅನ್ನುಸ್ತದೆ ಸಾ.”

ಅಷ್ಟು ನೇರವಾದ ಉತ್ತರ. ಅದನ್ನು ಹಿಡಿದುಕೊಂಡು ಎದ್ದು ಹೋಗಿದ್ದರೆ ಸಾಕಿತ್ತು. ಆದರೆ ನನಗೆ ಸಿಟ್ಟು ಬಂತು. ಏಕೆಂದು ಈಗ ಮುಚ್ಚಿಡುವುದಿಲ್ಲ. ಹಿಂದಿನ ವಾರವಷ್ಟೇ ಡಾಕ್ಟರ ಮುಂದೆ, ನನ್ನ ಕೈಯಲ್ಲಿ ತಯಾರಾದವರು ಸಣ್ಣಪುಟ್ಟದಕ್ಕೆ ನಿಮ್ಮ ಬಾಗಿಲಿಗೆ ಬರುವುದಿಲ್ಲ ಎಂದು ಕೊಚ್ಚಿಕೊಂಡಿದ್ದೆ. ಡಾಕ್ಟರು ಮುಂಗೋಪಿ. ಅವರ ಹುಬ್ಬು ಗಂಟಿಕ್ಕುವುದನ್ನು ಕಂಡರೆ ನನಗೆ ಭಯ. ಇಷ್ಟೇ—ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ.

“ಎಲ್ಲದಕ್ಕೂ ಡಾಕ್ಟರ ಹತ್ತಿರ ಓಡುವವರು ಮೇಲ್ವಿಚಾರಕಿ ಆಗುವುದು ಹೇಗೆ?” ಎಂದೆ. “ಇನ್ನೊಮ್ಮೆ ಯೋಚನೆ ಮಾಡಿ. ನಿಮಗೇನು ಅನ್ನಿಸುತ್ತದೆ?”

ಅವರು ನನ್ನ ಮುಖ ನೋಡಿದರು. ಯಾವ ಉತ್ತರ ಬೇಕಾಗಿದೆ ಎಂದು ಹುಡುಕುತ್ತಿದ್ದರು. ನಾನೂ ಅದನ್ನು ಕಂಡೆ, ಕಂಡೂ ಸುಮ್ಮನಿದ್ದೆ. ಕೊನೆಗೆ ತಲೆ ತಗ್ಗಿಸಿ, “ಕುಯ್ಲುಗಂಟ ಬುಟ್ಟು ನೋಡವಾ ಅನ್ನುಸ್ತದೆ ಸಾ” ಎಂದರು.

“ನೋಡಿ, ನಿಮಗೇ ಹೊಳೆಯಿತು” ಎಂದು ನಾನು ಹೊಗಳಿದೆ. ಹೊಗಳಿದೆ!

ಕುಯ್ಲಿಗೆ ಮುಂಚೆಯೇ ಮಾದೇವನಿಗೆ ದನಿಗಳು ಮರಳಿದವು. ಹೊಲಕ್ಕೆ ಬುತ್ತಿ ತಂದ ಹೆಂಡತಿ ಸಿದ್ದಮ್ಮನನ್ನು ಯಾರೋ ವೈರಿಯೆಂದು ತಿಳಿದು ಕಾವಲಿನ ದೊಣ್ಣೆಯಿಂದ ಹೊಡೆದ. ಬಲಗೈ ಮೂಳೆ ಮುರಿದು, ಕಟ್ಟು ಹಾಕಿದರೂ ಸೊಟ್ಟಗೇ ಕೂಡಿತು. ಅಣ್ಣತಮ್ಮಂದಿರು ಅವನನ್ನು ಹಿಡಿದು ಕೊಟ್ಟಿಗೆಯಲ್ಲಿ ಕಟ್ಟಿದರು.

ಮುಂದಿನ ವಾರ ಡಾಕ್ಟರು ಬಂದಾಗ ವಿಚಾರಣೆ ಆಯಿತು. ಕೋಣೆಯಲ್ಲಿ ಅವರು, ಚಿಕಿತ್ಸಾಲಯದ ಬಾಡಿಗೆ ಕಟ್ಟುತ್ತಿದ್ದ ದಾನಿ, ನಾನು, ರಾಜಮ್ಮ. ಕೈಗೆ ಕಟ್ಟು ಹಾಕಿಕೊಂಡ ಸಿದ್ದಮ್ಮ ಹೊರಗೆ ಜಗುಲಿಯ ಮೇಲೆ ಕೂತಿದ್ದಳು. ಬಾಗಿಲು ತೆರೆದೇ ಇತ್ತು.

“ಅವನು ಗುಳಿಗೆ ಬಿಟ್ಟದ್ದು ನಿಮಗೆ ಗೊತ್ತಿತ್ತಾ?” ಎಂದು ಡಾಕ್ಟರು ಕೇಳಿದ್ದು ನನ್ನನ್ನು.

ಅವರ ಹುಬ್ಬು ಗಂಟಿಕ್ಕಿತ್ತು.

“ಇಲ್ಲ ಸಾರ್. ನನಗೆ ಯಾರೂ ಹೇಳಲಿಲ್ಲ.”

ನಾಲಿಗೆ ತೊದಲಲೂ ಇಲ್ಲ. ಡಾಕ್ಟರು ರಾಜಮ್ಮನವರ ಕಡೆ ತಿರುಗಿದರು. “ಯಾಕಮ್ಮ ಹೇಳಲಿಲ್ಲ?” ರಾಜಮ್ಮ ನನ್ನನ್ನು ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಆಮೇಲೆ ಅವರು ಹೇಳಿದ್ದು ಒಂದೇ ಮಾತು—“ತಪ್ಪಾಯ್ತು ಸಾ.”

ಅವತ್ತೇ ಕೆಲಸ ಹೋಯಿತು. ಚೀಲ ತೆಗೆದುಕೊಂಡು ಹೊರಡುವಾಗ ಹಿತ್ತಲಿನ ಬಾಗಿಲ ಹತ್ತಿರ ನಾನು ಎದುರಾದೆ. ಅವರೇ ಹೇಳಿದರು. “ಒಳಕ್ವಾಣೆ ಮಾತ ಆಚ್ಗೆ ಆಡ್ಬಾರ್ದು ಅಂತ ನೀವೇ ಏಳ್ಕೊಟ್ಟಿದ್ರಿ. ಅದ್ಕೆ ನಾನಾಡ್ನಿಲ್ಲ. ನೀವಾಗಿ ಏಳ್ತೀರಿ ಅಂತ ಕಾಯ್ಕಂಡಿದ್ದೆ ಸಾ.”

ಆ ನಿಯಮ ಇದ್ದದ್ದು ಅವರಂಥವರನ್ನು ಕಾಯಲು. ನನ್ನಂಥವನನ್ನು ಕಾಯಲಲ್ಲ. ಅದನ್ನು ನಾನು ಕಲಿಸಿರಲಿಲ್ಲ. ಕಲಿಸಬೇಕೆಂದು ತೋರಿಯೂ ಇರಲಿಲ್ಲ. ಕಲಿಸಿದ್ದನ್ನು ಅವರು ಅಕ್ಷರಶಃ ಪಾಲಿಸಿದರು, ನಾನು ಅದರ ಹಿಂದೆ ಅವಿತುಕೊಂಡೆ.

ಮುಂದೆ ನಾನು ಮೈಸೂರು ಸೇರಿದೆ. ಮೇಲ್ವಿಚಾರಕರಿಗೆ ತರಬೇತಿ ಕೊಡುವವನೆಂದು ಹೆಸರೂ ಬಂತು. ಆ ಪ್ರಸಂಗವನ್ನು ಪಾಠಕ್ಕೆ ಮೊದಲ ಸಲ ತಂದಾಗ ಅರ್ಧಕ್ಕೇ ನಿಲ್ಲಿಸಿ ಹೊರಗೆ ಹೋಗಿದ್ದೆ. ಎರಡನೆಯ ಸಲ ಕೊನೆಯವರೆಗೂ ಹೇಳಿದೆ. ಹೇಳುತ್ತ ಹೇಳುತ್ತ, ರಾಜಮ್ಮ ನಿಜವಾಗಿಯೂ ಹೇಳಿರಲಿಲ್ಲವೇನೋ ಎಂದು ನನಗೇ... ಮನುಷ್ಯ ತನ್ನನ್ನು ಹೀಗೂ ನಂಬಿಸಿಕೊಳ್ಳಬಲ್ಲ. ಇದು ನಾನು ಓದಿದ ಯಾವ ಪಾಠದಲ್ಲೂ ಇರಲಿಲ್ಲ.

ಕೊನೆಯ ತಂಡದಲ್ಲಿ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು. “ಸಾರ್, ಆ ಮೇಲ್ವಿಚಾರಕಿಗೆ ಮೇಲ್ವಿಚಾರಕರು ಯಾರಿದ್ದರು?”

ಇಷ್ಟು ವರ್ಷಗಳಲ್ಲಿ ನಿಮ್ಮಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಯಾರೋ ಇದ್ದರು, ಈಗ ನೆನಪಿಲ್ಲ ಎಂದುಬಿಟ್ಟೆ. ಆ ಮಧ್ಯಾಹ್ನ ಪಾಠ ಮುಂದುವರಿಸಲು ಆಗಲಿಲ್ಲ. ಮರುದಿನ ರಜೆ ಹಾಕಿ ಕೊಳ್ಳೇಗಾಲದ ಬಸ್ಸು ಹತ್ತಿದೆ.

ರಾಜಮ್ಮ ಅದೇ ಮನೆಯಲ್ಲಿದ್ದರು. ನಿಂತಿದ್ದ ಮಗ್ಗವನ್ನು ಕೆಲಸ ಹೋದ ಮೇಲೆ ಅವರೇ ನಡೆಸುತ್ತಿದ್ದರು. ಆಗಲೇ ಓದು ಬಿಟ್ಟಿದ್ದ ಮಗಳು ಪಕ್ಕದಲ್ಲಿ ರೇಷ್ಮೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಲಾಳಿ ನಿಲ್ಲಿಸಿ ನನ್ನನ್ನು ಕೂರಿಸಿ, ನಾನು ಹೇಳಿದ್ದೆಲ್ಲವನ್ನೂ ಕೇಳಿದರು. ಕ್ಷಮಿಸಿ ಎಂದೆ. ಕ್ಷಮಿಸಿದೆ ಎನ್ನಲಿಲ್ಲ.

“ನಂಗೇಳಿ ಏನ್ ಸಾ ಪ್ರಯೋಜ್ನ? ನಂಗೊತ್ತಿರದೇ ಅಲ್ವಾ. ಗೊತ್ತಿಲ್ದೋರ್ಗೆ ಏಳಿ. ಲೊಕ್ಕನಳ್ಳಿಗೋಗಿ ಸಿದ್ದಮ್ಮಂಗೆ ಏಳಿ” ಎಂದು ಮತ್ತೆ ಮಗ್ಗದ ಕಡೆ ತಿರುಗಿದರು.

ಹನೂರಿನ ಮೇಲೆ ಲೊಕ್ಕನಹಳ್ಳಿಗೆ ಹೋದೆ. ಸಿದ್ದಮ್ಮ ಮನೆಯ ಮುಂದೆ ಎಡಗೈಯಲ್ಲಿ ರಾಗಿ ಕೇರುತ್ತಿದ್ದಳು. ಬಲಗೈ ಮೊರದ ಅಂಚಿಗೆ ಆಸರೆಯಾಗಿತ್ತು, ಅಷ್ಟೇ. ನಾನು ನಿಂತೇ ಹೇಳಿದೆ. ಗುಳಿಗೆಯ ವಿಷಯ ರಾಜಮ್ಮ ಮೊದಲೇ ತಿಳಿಸಿದ್ದರು, ಬೇಡವೆಂದವನು ನಾನು, ಅವತ್ತು ಸುಳ್ಳು ಹೇಳಿದವನೂ ನಾನು ಎಂದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವಳು ಮೊರ ಕೆಳಗಿಟ್ಟಳು. “ಅವತ್ತು ಜಗ್ಲಿ ಮ್ಯಾಲೆ ಕುಂತ್ಕಂಡು ನಿಮ್ ಮಾತ ನನ್ ಕಿವಿಯಾರ ಕೇಳ್ದೆ. ಆ ರಾಜಮ್ಮನೇ ಮುಚ್ಚಾಕ್ಬುಟ್ಲು ಅಂದ್ಕಂಡೆ” ಎಂದಳು. ಆಮೇಲೆ ಉಳಿದದ್ದನ್ನು ಹೇಳಿದಳು. “ಕೆಲ್ಸ ಓದ್ಮೇಲೂ ಆವಮ್ಮ ಬಂದಿತ್ತು. ಡಾಕ್ಟ್ರುನ್ನ ಕಾಡಿ ಬೇಡಿ ಗುಳಿಗೆ ತಕಂಡು, ಬಸ್ಸಿಗೆ ಕೈಯಿಂದ ಕಾಸು ಕೊಟ್ಕಂಡು ಬಂದಿತ್ತು. ಕಟ್ಟಾಕ್ಬೇಡಿ, ಇದ್ನ ಒತ್ತಾರೆ ಕೊಡಿ, ಸರೋಯ್ತನೆ ಅಂತ ಬಾಗ್ಲಲ್ಲೇ ನಿಂತ್ಕಂಡು ಅತ್ತುಬುಡ್ತು. ನೀ ಕೊಟ್ಟಿದ್ದ ನನ್ ಗಂಡಂಗೆ ಮುಟ್ಸಕಿಲ್ಲ, ಓಗು ಅಂದೆ. ಆಮೇಲೂ ಬಂತು. ಆಗ್ಲೂ ಬಾಗ್ಲಾಕ್ಕಂಡೆ.”

“ಮಾದೇವ...?” ಎಂದೆ.

“ಕೊಟ್ಗೇಲೇ ಇದ್ದ. ಸಾಯಗಂಟ ಬಿಚ್ನಿಲ್ಲ.”

ಅವಳು ಮತ್ತೆ ಮೊರ ಎತ್ತಿಕೊಂಡಳು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದಳು. “ಅಟ್ಟ್‌ಬೇಕಾಗಿದ್ದು ನಿಮ್ಮನ್ನ. ಅಟ್ಟಿದ್ದು ಆ ತಾಯಿನ. ಈಗ ಯಾವ್ ಮಕ ಒತ್ಕಂಡು ಅವಳ್ತವು ಓಗ್ಲಿ ನಾನು?”

ರಾಜಮ್ಮ ನನ್ನನ್ನು ಅಲ್ಲಿಗೆ ಏಕೆ ಕಳಿಸಿದರು ಎಂದು ಆಗ ತಿಳಿಯಿತು. ಗುಳಿಗೆ ಹಿಡಿದು ಹೋದದ್ದನ್ನು ಅವರು ತಮ್ಮ ಬಾಯಿಂದ ನನಗೆ ಹೇಳಿರಲಿಲ್ಲ. ನಾನು ಒಬ್ಬ ಹೆಂಗಸಿನ ಕೆಲಸ ಕಳೆದೆ ಎಂದುಕೊಂಡು, ಅಷ್ಟೇ ಭಾರ ಹೊತ್ತುಕೊಂಡು ಹೋದವನು...

ಪ್ರಶ್ನೆ ಕೇಳಿದ ಆ ಹುಡುಗಿಗೂ ಅವಳ ತಂಡಕ್ಕೂ ಮೊನ್ನೆ ಇದೆಲ್ಲವನ್ನೂ ಹೇಳಿದೆ. ಚಿಕಿತ್ಸಾಲಯ ನಡೆಸಿದವರಲ್ಲಿ ಉಳಿದವರಿಗೂ, ಡಾಕ್ಟರಿಗೂ ಬರೆದು ತಿಳಿಸಿದ್ದೇನೆ. ಇನ್ನು ಮುಂದೆ ತರಬೇತಿ ಕೊಡುವುದಿಲ್ಲ. ನಿಮ್ಮಲ್ಲಿ ಅನೇಕರು ಆ ಪ್ರಸಂಗವನ್ನು ನಿಮ್ಮ ಕೈಕೆಳಗಿನವರಿಗೆ ಹೇಳುತ್ತಿದ್ದೀರೆಂದು ಬಲ್ಲೆ. ನಿಲ್ಲಿಸಬೇಡಿ, ತಿದ್ದಿ ಹೇಳಿ. ರಾಜಮ್ಮನವರ ಹೆಸರು ಹೇಳಿ, ನಾಗಭೂಷಣ ಎಂಬ ನನ್ನ ಹೆಸರನ್ನೂ ಹೇಳಿ. ಕಥೆಯ ಕೊನೆಯಲ್ಲಿ ಗುಳಿಗೆ ಬಿಟ್ಟಿದ್ದರಿಂದ ಮಾದೇವ ಹಾಳಾದ ಎಂದು ನಾನು ಕಲಿಸಿದ್ದೆ. ಅದು ಸುಳ್ಳು. ಗುಳಿಗೆ ಅವನ ಮನೆಯ ಬಾಗಿಲಿಗೆ ಮತ್ತೆ ಬಂದಿತ್ತು. ತಂದವರನ್ನು ಆ ಮನೆ ನಂಬದ ಹಾಗೆ ಮಾಡಿದವನು ನಾನು.